ಬಿಳಿ ಕೈ

ಅದು ಶುರುವಾದದ್ದು ಚಳಿ ಬಿಟ್ಟು ಬಿಸಿಲು ಬಲಿಯುತ್ತಿದ್ದ ದಿನಗಳಲ್ಲಿ, ಸಂಜೆ ಆರರ ಸುಮಾರಿಗೆ. ನನ್ನ ತಮ್ಮ ಕೆಲಸದಿಂದ ಬಂದು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟ. ಅವನ ಹೆಂಡತಿ ನೀರಿನ ಲೋಟ ಚಾಚಿದಳು. ಲೋಟಕ್ಕೆ ಬಂದ ಕೈ ನೋಡಿ ಅವಳು ಲೋಟವನ್ನು ಬಿಡಲಿಲ್ಲ. ಇಬ್ಬರೂ ಒಂದು ಗಳಿಗೆ ಅದನ್ನು ಹಿಡಿದುಕೊಂಡೇ ನಿಂತರು. ನಾನು ಕಿಟಕಿಯ ಪಕ್ಕ ಕೂತು, ಬಣ್ಣದಲ್ಲಿ ಅದ್ದುವ ಮುಂಚೆ ಚುಕ್ಕಿ ಮೂಡಲೆಂದು ಬಟ್ಟೆಗೆ ದಾರದ ಗಂಟು ಕಟ್ಟುತ್ತಿದ್ದೆ. ಅಲ್ಲಿಂದಲೇ ನನಗೂ ಕಾಣಿಸಿತು. ಅವನ ಬೆರಳುಗಳ ನೀಲಿ ತೆಳುವಾಗಿತ್ತು.

ಅದರಲ್ಲೇನಿದೆ ಎಂದು ಬೇರೆ ಬೀದಿಯವರು ಕೇಳಬಹುದು. ನಮ್ಮದು ಬಣ್ಣ ಹಾಕುವವರ ಬೀದಿ. ನೀಲಿ ತೊಟ್ಟಿಯಲ್ಲಿ ದುಡಿಯುವವರ ಕೈ ಮೊಣಕೈವರೆಗೆ ನೀಲಿ, ಕೆಂಪು ತೊಟ್ಟಿಯವರದು ಕೆಂಪು. ಸಾಬೂನಿಗೆ ಅದು ಹೋಗುವುದಿಲ್ಲ. ಸತ್ತಾಗಲೂ ಆ ಕೈಯಲ್ಲೇ ಹೋಗುತ್ತಾರೆ. ಒಬ್ಬನ ಕೈ ಬೆಳ್ಳಗಾಗುತ್ತಿದೆ ಎಂದರೆ ನಮ್ಮಲ್ಲಿ ಎರಡೇ ಅರ್ಥ. ಅವನನ್ನು ತೊಟ್ಟಿಯಿಂದ ತೆಗೆದಿದ್ದಾರೆ, ಇಲ್ಲವೇ ಬಣ್ಣದವನೆಂದು ಗೊತ್ತಾಗದ ಹಾಗೆ ಎಲ್ಲಿಗೋ, ಯಾರ ಹತ್ತಿರಕ್ಕೋ ಹೋಗಿಬರುತ್ತಿದ್ದಾನೆ. ಅಂಥವನನ್ನು ಬಿಳಿ ಕೈಯವನು ಎನ್ನುತ್ತಾರೆ. ಹೆಂಗಸರು ಆ ಮಾತನ್ನು ಮೆಲ್ಲಗೆ ಆಡುತ್ತಾರೆ.

ತಮ್ಮನ ಹೆಂಡತಿಗೆ ಆ ಮಾತು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅವಳ ಅಪ್ಪನೂ ನೀಲಿ ತೊಟ್ಟಿಯವನೇ. ಅವಳಿಗೆ ಒಂಬತ್ತು ವರ್ಷವಿದ್ದಾಗ ಅವನ ಕೈ ಬೆಳ್ಳಗಾಗತೊಡಗಿತು. ಎರಡು ತಿಂಗಳಿಗೆ ಉಗುರೂ ಬೆಳ್ಳಗಾಯಿತು. ಮೂರನೆಯ ತಿಂಗಳು ಅವನು ಮನೆಗೆ ಬರಲಿಲ್ಲ. ಅವಳ ಅಮ್ಮ ಬಾಗಿಲಲ್ಲಿ ಕೂತು ಕಾದದ್ದನ್ನು ನಾನೇ ನೋಡಿದ್ದೇನೆ. ಕಾಯುತ್ತಲೇ ಅವಳ ಕೂದಲು ನರೆಯಿತು.

ನನ್ನ ತಮ್ಮ ಕೆಲಸವನ್ನಂತೂ ಕಳೆದುಕೊಂಡಿರಲಿಲ್ಲ. ಬೆಳಿಗ್ಗೆ ಆರಕ್ಕೆ ತೊಟ್ಟಿಗೆ ಹೋಗುತ್ತಿದ್ದ, ಅಂಗಿಯ ಮೇಲೆ ನೀಲಿಯ ಕಲೆ ಹೊಸದಾಗಿಯೇ ಇರುತ್ತಿತ್ತು. ಆದರೆ ಐದಕ್ಕೆ ಬರುತ್ತಿದ್ದವನು ಆರಕ್ಕೆ ಬರುತ್ತಿದ್ದ. ಬಂದವನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ. ಒಂದು ದಿನ ಸಣ್ಣ ಸೀಸೆಯಲ್ಲಿ ಅತ್ತರು ತಂದ. ಇನ್ನೊಂದು ದಿನ ಹೊಸ ದಿಂಬಿನ ಚೀಲ ತಂದ, ಅದರ ಅಂಚಿಗೆ ಹಳದಿ ದಾರದ ಹೂವು. ಹೆಂಡತಿಯನ್ನು 'ಏ' ಎಂದು ಕರೆಯುತ್ತಿದ್ದವನು 'ಇಲ್ಲಿ ನೋಡು' ಎನ್ನತೊಡಗಿದ. ಮಗಳನ್ನು ಮದುವೆ ಮಾಡಿ ಕೊಟ್ಟು ವರ್ಷವಾಗಿದ್ದ ಗಂಡಸು, ಕನ್ನಡಿಯ ಮುಂದೆ ಮೀಸೆ ಕತ್ತರಿಸಿಕೊಳ್ಳುತ್ತಾ ನಿಲ್ಲುತ್ತಿದ್ದ.

ಒಂದು ಬೆಳಿಗ್ಗೆ ಅವನು ಹೋದ ಮೇಲೆ ಅವಳು ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ನನ್ನ ಹತ್ತಿರ ಬಂದು ಕೂತಳು. ಬಹಳ ಹೊತ್ತು ನನ್ನ ಗಂಟುಗಳನ್ನೇ ನೋಡಿದಳು. ಆಮೇಲೆ ತಲೆ ಎತ್ತದೆ ಹೇಳಿದಳು.

"ಅಕ್ಕಾ, ನಿನ್ನೆ ದೀಪ ಆರಿಸಬೇಡ ಅಂದ್ರು."

ನಾನು ದಾರವನ್ನು ಹಲ್ಲಿನಿಂದ ಕಡಿದೆ.

"ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ಅಂದವರಲ್ಲ. ಕತ್ತಲು, ಮಾತಿಲ್ಲ, ಕತೆಯಿಲ್ಲ, ಆಮೇಲೆ ಆ ಕಡೆ ತಿರುಗಿ ಗೊರಕೆ. ನಾನೂ ಅದಕ್ಕೇ ಒಗ್ಗಿಕೊಂಡೆ. ಈಗ ಇದ್ದಕ್ಕಿದ್ದ ಹಾಗೆ ದೀಪ ಬೇಕು, ಮುಖ ನೋಡಬೇಕು. ಇದನ್ನ ಯಾರೋ ಕಲಿಸಿದ್ದಾರೆ. ತಾನಾಗೇ ಬರೋ ಬುದ್ಧಿ ಅಲ್ಲ ಇದು."

ಅವಳು ಏನು ಮಾಡಿದಳೆಂದು ಕೇಳಿದೆ. ದೀಪ ಆರಿಸಿ ಗೋಡೆಯ ಕಡೆ ತಿರುಗಿ ಮಲಗಿದಳಂತೆ. ಅವನೂ ಸುಮ್ಮನಾದನಂತೆ. ಆ ಸುಮ್ಮನಾದದ್ದೂ ಅವಳಿಗೆ ಅನುಮಾನವೇ. ಬೇರೆ ಕಡೆ ಹೊಟ್ಟೆ ತುಂಬಿದವನು ಮಾತ್ರ ಅಷ್ಟು ಬೇಗ ಸುಮ್ಮನಾಗುತ್ತಾನೆ ಎಂದಳು.

ಅನುಮಾನ ಹೊಕ್ಕ ಮನೆಯಲ್ಲಿ ಪ್ರತಿಯೊಂದೂ ಸಾಕ್ಷಿ ಹೇಳುತ್ತದೆ. ಅವಳು ಅವನ ಅಂಗಿಯ ಕಾಲರನ್ನು ಮೂಸುತ್ತಿದ್ದಳು. ಜೇಬಿನಲ್ಲಿ ಬಿಳಿ ಪುಡಿ ಸಿಕ್ಕಿತು. ಮುಖಕ್ಕೆ ಹಾಕುವ ಪೌಡರೇ ಇರಬೇಕು ಎಂದಳು. ಮೂಸಿದರೆ ಘಾಟು. ಯಾವ ಹೆಂಗಸು ಇಂಥ ಪೌಡರು ಹಾಕುತ್ತಾಳೆ ಎಂದು ಇಬ್ಬರೂ ಯೋಚಿಸಿದೆವು, ನಾನೂ ಸೇರಿಕೊಂಡೇ. ಕೆಂಪು ತೊಟ್ಟಿಯವನ ಹೆಂಡತಿಗೆ ನಾಲಿಗೆಯ ಮೇಲೆ ಹಿಡಿತವಿಲ್ಲ. ನಲ್ಲಿಯ ಹತ್ತಿರ ಎಲ್ಲರ ಮುಂದೆ ಕೇಳಿಯೇಬಿಟ್ಟಳು: "ಏನಮ್ಮಾ, ನಿನ್ನ ಗಂಡ ಆಫೀಸರಾದ್ನಂತೆ? ಕೈ ನೋಡಿದ್ರೆ ಸೈನ್ ಹಾಕೋ ಕೈ ಥರ ಇದೆ." ನಾಲ್ಕು ಹೆಂಗಸರು ನಕ್ಕರು. ತಮ್ಮನ ಹೆಂಡತಿ ಕೊಡ ಅರ್ಧ ತುಂಬಿದ್ದಾಗಲೇ ಎತ್ತಿಕೊಂಡು ಬಂದಳು.

ಅಂದು ಮಧ್ಯಾಹ್ನ ಅವಳು ಅಟ್ಟದಿಂದ ಟ್ರಂಕ್ ಇಳಿಸಿದಳು. ಮೂರು ಸೀರೆ, ಇಸ್ತ್ರಿ ಪೆಟ್ಟಿಗೆ, ಮಗಳ ಬಾಲ್ಯದ ಒಂದು ಫೋಟೋ. ಬುಧವಾರದ ಬಸ್ಸಿಗೆ ಮಗಳ ಊರಿಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಎಂದಳು. ಅಮ್ಮನ ಹಾಗೆ ಬಾಗಿಲು ಕಾಯುತ್ತಾ ಕೂರುವುದಿಲ್ಲ, ಅವನು ಬಿಟ್ಟುಹೋಗುವ ಮೊದಲೇ ತಾನು ಹೋಗುತ್ತೇನೆ ಎಂದಳು. ಅಳಲಿಲ್ಲ. ಅಳುವವರಾದರೆ ತಡೆಯಬಹುದಿತ್ತು. ಕೊನೆಗೆ ಒಂದು ಮಾತು ಕೇಳಿದಳು.

"ನೀವು ಒಂದು ದಿನ ಅವರ ಹಿಂದೆ ಹೋಗಿ ನೋಡ್ಕೊಂಡು ಬನ್ನಿ ಅಕ್ಕಾ. ಅವಳು ಯಾರು ಅಂತ ಗೊತ್ತಾದ್ರೆ ಸಾಕು. ಚೆನ್ನಾಗಿದ್ದಾಳಾ ಅಂತಷ್ಟೇ ಹೇಳಿ."

ಅಷ್ಟು ಹೇಳಿ ಟ್ರಂಕಿನ ಮುಚ್ಚಳ ಹಾಕಿದಳು.

ಸೋಮವಾರ ಸಂಜೆ ಐದಕ್ಕೆ ಮೊದಲೇ ನಾನು ಬಣ್ಣದ ಕಾರ್ಖಾನೆಯ ಗೇಟಿನ ಎದುರು, ಒಣಹಾಕಿದ ಬಟ್ಟೆಗಳ ಮರೆಯಲ್ಲಿ ನಿಂತೆ. ಮುದುಕಿಯರನ್ನು ಯಾರೂ ಗಮನಿಸುವುದಿಲ್ಲ. ಅದೊಂದು ಅನುಕೂಲ. ತಮ್ಮ ಹೊರಬಂದ. ಮನೆಯ ದಾರಿ ಹಿಡಿಯದೆ ಎಡಕ್ಕೆ ತಿರುಗಿದ. ಅವಳ ಅನುಮಾನ ನಿಜವಾಗಬಾರದೆಂದು ಬೇಡಿಕೊಳ್ಳುತ್ತಾ ಹಿಂದೆ ನಡೆದೆ. ಆದರೆ ಒಳಗೊಳಗೇ, ನಿಜವೇ ಇರಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ಅವನು ಹೋದದ್ದು ಪ್ರಾರ್ಥನಾ ಮಂದಿರಕ್ಕೆ. ಒಳಗೆ ಹೋಗಲಿಲ್ಲ. ಹಿಂದಿನ ಅಂಗಳದಲ್ಲಿ, ಒಳಗೆ ಹೋಗುವವರು ಕಾಲು ತೊಳೆಯುವ ನಲ್ಲಿಯೊಂದಿದೆ. ಅಲ್ಲಿ ಕುಕ್ಕರಗಾಲಲ್ಲಿ ಕೂತ. ಜೇಬಿನಿಂದ ಪೊಟ್ಟಣ ತೆಗೆದು ಬಿಳಿ ಪುಡಿಯನ್ನು ಅಂಗೈಗೆ ಸುರಿದುಕೊಂಡ. ಗಾಳಿ ನನ್ನ ಕಡೆ ಬೀಸಿತು. ಜೇಬಿನ ಪುಡಿಯ ಅದೇ ಘಾಟು; ಬಟ್ಟೆಯ ಕಲೆ ತೆಗೆಯಲು ತೊಟ್ಟಿಗೆ ಹಾಕುವ ಬ್ಲೀಚಿಂಗ್ ಪುಡಿ, ಅನುಮಾನದ ಮೂಗಿಗೆ ಅಂದು ತಿಳಿದಿರಲಿಲ್ಲ. ಅದನ್ನು ಹಚ್ಚಿ, ಒರಟು ಕಲ್ಲಿನಿಂದ ಬೆರಳು ಬೆರಳನ್ನೂ ಉಜ್ಜಿದ. ಪಾತ್ರೆ ಉಜ್ಜುವ ಹಾಗೆ. ಉಜ್ಜುತ್ತಾ ಹಲ್ಲು ಕಚ್ಚಿಕೊಂಡಿದ್ದ. ನಾನು ಅಂಗಳದ ಗೋಡೆಯ ಈಚೆ ಒಂದು ಕಲ್ಲಿನ ಮೇಲೆ ಕೂತುಬಿಟ್ಟೆ.

ಆಗ ಮಂದಿರದ ಬೋಧಕರು ಬಂದರು. ವಯಸ್ಸಾದವರು, ನನ್ನ ಗಂಡನ ಸಾವಿಗೆ ಪ್ರಾರ್ಥನೆ ಹೇಳಿದವರು. ದಿನಾ ನಲ್ಲಿ ನೀಲಿಯಾಗುತ್ತಿದೆ, ಯಾರೆಂದು ನೋಡಲು ಬಂದೆ ಎಂದರು. ಏನಪ್ಪಾ ಇದು ಎಂದು ಕೇಳಿದರು. ತಮ್ಮ ಮೊದಲು ಹಾಗೆ ಹೀಗೆ ಎಂದ. ಆಮೇಲೆ ಹೇಳಿದ. ಅವನು ನನ್ನ ಹತ್ತಿರವೂ ಅಷ್ಟು ಮಾತಾಡಿದ್ದು ನನಗೆ ನೆನಪಿಲ್ಲ. ಮಗಳು ಗಂಡನ ಮನೆಗೆ ಹೋದ ಮೇಲೆ ರಜೆಯ ಒಂದು ಮಧ್ಯಾಹ್ನ ಹೆಂಡತಿ ಕಿಟಕಿಯ ಬೆಳಕಿನಲ್ಲಿ ಕೂದಲು ಒಣಗಿಸುತ್ತಿದ್ದಳಂತೆ. ಇವಳು ಇಷ್ಟು ಚೆನ್ನಾಗಿದ್ದಾಳೆಂದು ತನಗೆ ಗೊತ್ತೇ ಇರಲಿಲ್ಲವಂತೆ. ಕೆನ್ನೆ ಮುಟ್ಟಲು ಹೋದನಂತೆ. ಅವಳು ಕೈ ನೋಡಿ ಮುಖ ಹಿಂದೆ ತೆಗೆದಳಂತೆ. ಬಣ್ಣ ಹತ್ತುತ್ತದೆ ಎಂದಳಂತೆ, ಅಷ್ಟೇ.

ಬೋಧಕರು ಪುಸ್ತಕ ಓದುವ ಧ್ವನಿಯಲ್ಲಿ ಹೇಳಿದರು. ಗಂಡಹೆಂಡಿರ ಕೂಡಿಕೆ ಸಂತಾನಕ್ಕೆ ಎಂದು ದೇವರು ಇಟ್ಟದ್ದು. ಚೆಲುವು ಎನ್ನುವುದು ಗಾಳಕ್ಕೆ ಸಿಕ್ಕಿಸಿದ ಹುಳ, ಮೀನಿಗೆ ಅದೇ ಊಟ ಅನ್ನಿಸುತ್ತದೆ. ಕತ್ತಲೆಯನ್ನು ದೇವರು ಮರ್ಯಾದೆಗಾಗಿ ಕೊಟ್ಟಿದ್ದಾನೆ. ನಿಮಗೆ ಮಕ್ಕಳಾಗುವ ವಯಸ್ಸು ದಾಟಿತು, ಇನ್ನು ಪ್ರಾರ್ಥನೆಯ ಕಡೆ ಮನಸ್ಸು ಕೊಡು ಎಂದರು.

ತಮ್ಮ ಕಲ್ಲು ಕೆಳಗಿಟ್ಟ.

"ಸ್ವಾಮಿ, ಒಳಗಿನ ದೊಡ್ಡ ಪರದೆಗೆ ನೀಲಿ ಹಾಕಿದೋನು ನಾನೇ. ಮೂರು ಸಲ ವಾಪಸ್ ಕಳ್ಸಿದ್ರಿ. ಒಂದ್ಸಲ ಕಪ್ಪಾಯ್ತು ಅಂದ್ರಿ, ಒಂದ್ಸಲ ಮಂಕಾಯ್ತು ಅಂದ್ರಿ. ನಾಲ್ಕನೇ ಸಲಕ್ಕೆ ಸರಿಹೋಯ್ತು."

"ಹೌದು. ಅದು ದೇವರ ಮನೆ."

"ದೇವರಿಗೆ ಬರೀ ಪ್ರಾರ್ಥನೆ ಸಾಕಾಗಿದ್ರೆ ಬಿಳಿ ಬಟ್ಟೆನೇ ತೂಗುಹಾಕ್ಬಹುದಿತ್ತಲ್ಲ. ಅವನ ಮುಂದೆ ಹೋಗೋಕೆ ನೀವು ಬಣ್ಣ ನೋಡ್ತೀರಿ. ನಾನು ನನ್ನ ಹೆಂಡತಿ ಮುಂದೆ ಹೋಗೋಕೆ ಕೈ ತೊಳ್ಕೊಂಡ್ರೆ ತಪ್ಪಾ? ಮಕ್ಕಳು ಆದ ಮೇಲೂ ಅವಳು ಬೇಕು ಅನ್ನಿಸ್ತಿದೆಯಲ್ಲ, ಅದನ್ನ ಮತ್ತೆ ಯಾರಿಟ್ಟಿದ್ದು?"

ಬೋಧಕರು ಬೈಯುತ್ತಾರೆಂದು ನಾನು ಕಾದೆ. ಅವರು ಬಗ್ಗಿ ಅವನ ಕೈ ಹಿಡಿದು ತಿರುಗಿಸಿ ನೋಡಿದರು.

"ಬೆರಳ ಸಂದು ಬಿರಿದಿದೆ. ನಾಳೆ ತೊಟ್ಟಿಗೆ ಹೇಗೆ ಕೈ ಹಾಕ್ತೀಯ? ಆ ಪುಡಿ ಬಿಡು. ಎಣ್ಣೆ ಹಚ್ಕೋ." ಒಳಗೆ ಹೋಗುತ್ತಾ ತಿರುಗಿ ನಿಂತರು. "ಇದಕ್ಕೆ ನಾನು ಓದಿದ್ದರಲ್ಲಿ ಉತ್ತರ ಇಲ್ಲ. ಹುಡುಕ್ತೀನಿ."

ನಾನು ಮನೆಗೆ ಬರುವ ದಾರಿಯಲ್ಲಿ ಎರಡು ಸಲ ಕೂತೆ. ಆಯಾಸಕ್ಕಲ್ಲ. ತಮ್ಮನ ಮದುವೆಯ ದಿನ ನನಗೆ ನೆನಪಾಗಿತ್ತು. ನಮಗೆ ಅಮ್ಮ ಇರಲಿಲ್ಲ, ಅಪ್ಪನಿಗೆ ಹೇಳಲು ನಾಚಿಕೆ. ಹಾಗಾಗಿ ಹೇಳಬೇಕಾದದ್ದನ್ನು ನಾನೇ ಅವನನ್ನು ಹಿತ್ತಲಿಗೆ ಕರೆದು ಹೇಳಿದ್ದೆ. ದೀಪ ಆರಿಸು, ಮಾತಾಡಬೇಡ, ಅವಳನ್ನು ನಾಚಿಸಬೇಡ, ಮುಗಿಸಿ ಮಲಗು. ನನಗೆ ಗೊತ್ತಿದ್ದದ್ದೇ ಅಷ್ಟು. ನನ್ನ ಗಂಡನ ಜೊತೆ ನಾನು ಆರು ವರ್ಷ ಬಾಳಿದೆ. ಅವರ ಬೆನ್ನ ನಡುವೆ ಕಡಲೆಕಾಳಿನಷ್ಟು ಮಚ್ಚೆ ಇತ್ತೆಂಬುದು ನನಗೆ ಗೊತ್ತಾದದ್ದು ಹೆಣಕ್ಕೆ ನೀರು ಹಾಕುವಾಗ. ಆ ಮಚ್ಚೆಯನ್ನು ನಾನು ಯಾರಿಗೂ ಹೇಳಿರಲಿಲ್ಲ.

ಮನೆಯಲ್ಲಿ ತಮ್ಮನ ಹೆಂಡತಿ ಟ್ರಂಕಿನ ಮೇಲೆ ಕೂತಿದ್ದಳು. ಕಂಡದ್ದನ್ನೆಲ್ಲ ಹೇಳಿದೆ. ನಲ್ಲಿ, ಪುಡಿ, ಕಲ್ಲು, ಕಿಟಕಿಯ ಬೆಳಕು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ನೀವು ಅವರ ಅಕ್ಕ. ತಮ್ಮನನ್ನ ಉಳಿಸ್ಕೊಳೋಕೆ ಕತೆ ಕಟ್ತಿದೀರಿ."

ಅದೂ ನ್ಯಾಯವೇ. ನಾನು ಅವಳ ಜಾಗದಲ್ಲಿದ್ದರೆ ಹಾಗೇ ಅಂದುಕೊಳ್ಳುತ್ತಿದ್ದೆ. ಅವನು ಬಂದಾಗ ಕೈಯನ್ನು ಬೆಳಕಿಗೆ ಹಿಡಿದು ನೋಡು, ಅಷ್ಟು ಮಾಡು ಎಂದೆ. ಹೆಂಗಸರ ಹಿಂದೆ ಹೋಗುವವನ ಕೈಗೆ ಎಣ್ಣೆ ಇರುತ್ತದೆ, ಗಾಯ ಇರುವುದಿಲ್ಲ ಎಂದೂ ಸೇರಿಸಿದೆ. ಆಮೇಲೆ ಹಿತ್ತಲಿನ ಮಾತನ್ನೂ ಹೇಳಿದೆ, ಮಚ್ಚೆಯನ್ನೂ ಹೇಳಿದೆ. ಇಪ್ಪತ್ತೆರಡು ವರ್ಷದ ಕತ್ತಲೆ ಅವನದಲ್ಲ, ನಾನು ಕೊಟ್ಟದ್ದು ಎಂದೆ. ಕತೆ ಕಟ್ಟುವವಳು ತನ್ನ ಮೇಲೆ ತಪ್ಪು ಹೊರಿಸಿಕೊಂಡು ಕಟ್ಟುವುದಿಲ್ಲ ಎಂದು ಅವಳಿಗೆ ಅನ್ನಿಸಿರಬೇಕು. ಟ್ರಂಕಿನಿಂದ ಎದ್ದಳು. ಆದರೆ ಸೀರೆಗಳನ್ನು ಹೊರಗೆ ತೆಗೆಯಲಿಲ್ಲ.

ತಮ್ಮ ಬಂದ. ಎಂದಿನಂತೆ ಕೈ ಬೆನ್ನ ಹಿಂದೆ. ಅವಳು ಏನೂ ಕೇಳದೆ ಎರಡೂ ಕೈಯನ್ನು ಮುಂದಕ್ಕೆಳೆದು ಕಿಟಕಿಯ ಹತ್ತಿರ ಒಯ್ದಳು. ಬೆರಳುಗಳನ್ನು ಬಿಡಿಸಿ ಸಂದು ಸಂದನ್ನೂ ನೋಡಿದಳು. ಮೂಗಿಗೆ ಹಿಡಿದು ಮೂಸಿದಳು. ಅವನು ಅಪರಾಧಿಯ ಹಾಗೆ ನಿಂತಿದ್ದ.

"ಇದನ್ನ ಯಾರು ಹೇಳಿಕೊಟ್ರು?"

"ಯಾರೂ ಇಲ್ಲ."

"ಬಣ್ಣ ಹತ್ತುತ್ತೆ ಅಂದಿದ್ದು ನನ್ನ ಕೆನ್ನೆಗಲ್ಲ. ಕಿಟಕಿ ಹತ್ರ ಇಸ್ತ್ರಿ ಬಟ್ಟೆ ತೂಗುಹಾಕಿದ್ದೆ, ಬಿಳೀದು. ನೀವು ಅದಕ್ಕೆ ಒರಗಿದ್ರಿ."

ಅವಳು ನಗಲಿಲ್ಲ. ಎಣ್ಣೆಯ ಸೀಸೆ ತಂದು ಅವನನ್ನು ಕೂರಿಸಿ ಕೈಗೆ ಹಚ್ಚತೊಡಗಿದಳು. ಹಚ್ಚುತ್ತಾ ಒಮ್ಮೆ ಅವನ ಮುಖ ನೋಡಿದಳು, ಒಮ್ಮೆ ಕೈ ನೋಡಿದಳು. ಇನ್ನೂ ಪೂರ್ತಿ ನಂಬಿರಲಿಲ್ಲ. ನಂಬಿಕೆಗೆ ಎಷ್ಟು ದಿನ ಬೇಕಾಗುತ್ತದೋ ಏನೋ. ನಮ್ಮ ಮನೆಯಲ್ಲಿ ಎರಡೇ ಕೋಣೆ, ನಡುವೆ ಒಂದು ಹಲಗೆಯ ಗೋಡೆ. ಗೋಡೆಯ ಈಚೆ ನನ್ನ ಮಂಚ. ಹಲಗೆಯ ಸಂದಿನಲ್ಲಿ ಅವರ ದೀಪದ ಬೆಳಕು ನನ್ನ ಹೊದಿಕೆಯ ಮೇಲೆ ಗೆರೆ ಹಾಕುತ್ತದೆ. ಗೆರೆ ಬಿದ್ದರೆ ನಾನು ಎಚ್ಚರವಿರುವುದು ಅವಳಿಗೆ ಗೊತ್ತು. ಅವನು ಬೇಡವೆಂದ ರಾತ್ರಿ ಅವಳು ದೀಪ ಆರಿಸಿದ್ದು ಅನುಮಾನಕ್ಕೋ, ನನ್ನ ಹೊದಿಕೆಯ ಮೇಲಿನ ಆ ಗೆರೆಗೋ ಎಂದು ನಾನು ಎಂದೂ ಕೇಳಿಕೊಂಡಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಗಂಟು ಕಟ್ಟುವ ಹೆಂಗಸರ ಮನೆಗೆ ಹೋಗಿ ಜಾಗವಿದೆಯೇ ಎಂದು ಕೇಳಿದೆ. ಗಂಡನಿಲ್ಲದವರು ಏಳು ಜನ ಅಲ್ಲಿ ಒಟ್ಟಿಗಿದ್ದಾರೆ. ಕಿಟಕಿಯ ಪಕ್ಕ ಒಂದು ಮಂಚ ಖಾಲಿಯಿದೆ ಎಂದರು. ಸಂಜೆ ಮನೆಯಲ್ಲಿ ಹೇಳಿದಾಗ ತಮ್ಮ ಬೇಡ ಎಂದ. ಅವನ ಹೆಂಡತಿ ಮಾತ್ರ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು.

"ಯಾಕೆ ಹೋಗ್ತಿದೀರಿ? ನಿಜ ಹೇಳಿ ಅಕ್ಕಾ. ಇನ್ನೂ ಏನೋ ಮುಚ್ಚಿಡ್ತಿದೀರಿ."

ಅಲ್ಲಿ ಬೆಳಕು ಚೆನ್ನಾಗಿದೆ, ಗಂಟು ಕಾಣುತ್ತದೆ ಎಂದೆ. ಅವಳು ನಂಬಲಿಲ್ಲ. ಆದರೂ ಒಳಗೆ ಹೋಗಿ ಟ್ರಂಕನ್ನು ತಂದಳು. ತನ್ನ ಮೂರು ಸೀರೆ, ಇಸ್ತ್ರಿ ಪೆಟ್ಟಿಗೆ, ಫೋಟೋ ತೆಗೆದು ಹಾಸಿಗೆಯ ಮೇಲಿಟ್ಟಳು. ನನ್ನ ಬಟ್ಟೆಗಳನ್ನು ಅವಳೇ ಮಡಿಸಿ ಅದರಲ್ಲಿ ತುಂಬಿದಳು.

ಬಸ್ಸಿಗೆ ಯಾರೂ ಹೋಗಲಿಲ್ಲ. ಸಂಜೆ ಟ್ರಂಕ್ ಹೊತ್ತು ನನ್ನ ತಮ್ಮ ಮುಂದೆ ನಡೆದ, ಅವನ ಕೈ ಮತ್ತೆ ನೀಲಿಯಾಗತೊಡಗಿತ್ತು. ಹಿಂದೆ ನಾನು. ನಾನು ಆ ಮನೆ ಬಿಟ್ಟದ್ದು ಬುಧವಾರ.