ಗುರುತು ಸಿಗದ ಡಿಸ್ಕಿಗೆ ‘ಓಕೆ’ ಅನ್ನಬೇಡಿ

ಬೀದಿ ಮೂಲೆಯ ಸಲೂನಿನವನಿಗೆ ಜನ ಇಟ್ಟ ಹೆಸರು ಓಕೆಯಣ್ಣ. ಯಾರು ಏನು ಕೇಳಲಿ, ಅವನ ಬಾಯಲ್ಲಿ ಬರುವುದು ‘ಓಕೆ’ ಒಂದೇ. ಒಂದೇ ಹೊತ್ತಿಗೆ ಮೂವರನ್ನು ಕಟಿಂಗಿಗೆ ಬರಹೇಳಿ, ಮೂವರಿಂದಲೂ ಬೈಸಿಕೊಂಡ ಭೂಪ ಅವನು.

ಅವನ ಅಮ್ಮನಿಗೆ ಮರೆವಿನ ಕಾಯಿಲೆ. ಹೆತ್ತ ಮಗನನ್ನೇ ನೋಡಿ, “ಏನ್ ಮೇಸ್ತ್ರಿ, ನಲ್ಲಿ ರಿಪೇರಿ ಆಯ್ತಾ?” ಅನ್ನುತ್ತಾಳೆ. ಆದರೆ ದಿನಾ ಸಂಜೆ ಅವಳಿಗೆ ಕಂಪ್ಯೂಟರಿನಲ್ಲಿ ಒಂದು ವಿಡಿಯೋ ಹಾಕಲೇಬೇಕು. ತೀರಿಹೋದ ಅವಳ ಯಜಮಾನರು ಅರವತ್ತು ದಾಟಿದ ಮೇಲೆ ಸೈಕಲ್ ಕಲಿಯಲು ಹೋಗಿ ಸೀದಾ ಬೇಲಿಗೆ ನುಗ್ಗಿದ ವಿಡಿಯೋ. ದಿನಾ ನೋಡಿದರೂ ಅವಳಿಗೆ ಅದು ಹೊಸದೇ. ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಆ ನಗು ನೋಡಲೆಂದೇ ಓಕೆಯಣ್ಣ ಸಂಜೆ ಅಂಗಡಿ ಬಿಟ್ಟು ಮನೆಗೆ ಓಡಿ ಬರುತ್ತಾನೆ.

ಅವತ್ತು ವಿಡಿಯೋ ಇದ್ದ ಹಾರ್ಡ್ ಡಿಸ್ಕ್ ಸಿಕ್ಕಿಸಿದರೆ ಕಂಪ್ಯೂಟರಿಗೆ ಅದರ ಗುರುತೇ ಸಿಗಲಿಲ್ಲ. ‘ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು. ಮಾಡಲೇ?’ ಎಂದು ಕೇಳಿತು. ಓಕೆಯಣ್ಣ ಡಿಸ್ಕಿಗೆ ಎರಡು ಏಟು ಬಿಟ್ಟ. ಹಿಂದೊಮ್ಮೆ ಫ್ಯಾನು ಹಾಗೆ ಸರಿಹೋಗಿತ್ತಂತೆ. ಎದುರುಮನೆಯವರು ಹೇಳಿದರೆಂದು ಫ್ರಿಜ್ಜಿನಲ್ಲಿಡಲು ಹೊರಟ. ಹೆಂಡತಿ ಫ್ರಿಜ್ಜಿಗೆ ಅಡ್ಡ ನಿಂತಳು.

“ಹಾಗಾದ್ರೆ ಅದು ಕೇಳಿದ್ದಕ್ಕೆ ಓಕೆ ಅಂದ್ಬಿಡ್ತೀನಿ. ಪಾಪ, ಎಷ್ಟು ಮರ್ಯಾದೆಯಿಂದ ಕೇಳ್ತಿದೆ!”

“ಕೈ ತೆಗೀರಿ ಮೊದ್ಲು! ರಿಪೇರಿ ತಂಗಿ ಬರ್ಲಿ, ಫೋನ್ ಮಾಡಿದೀನಿ.”

ರಿಪೇರಿ ತಂಗಿ ಎಂದರೆ ಪಕ್ಕದ ಬೀದಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವಳು. ಅವಳು ಬಂದವಳೇ ಡಿಸ್ಕಿಗೆ ಕಿವಿಯಿಟ್ಟಳು.

“ಟಿಕ್ ಟಿಕ್ ಅಂತಿಲ್ಲ, ಸದ್ಯ. ಅಂದಿದ್ರೆ ತಕ್ಷಣ ಕಿತ್ತಿಟ್ಟು ಡಿಸ್ಕ್ ಬಿಚ್ಚಿ ಸರಿಮಾಡೋ ಕಡೆ ಕಳಿಸ್ಬೇಕಿತ್ತು. ಅಣ್ಣಾ, ಓಕೆ ಒತ್ತಿಲ್ಲ ತಾನೆ?”

“ನಿಮ್ಮತ್ತಿಗೆ ಬಿಡ್ಲಿಲ್ಲ. ಒತ್ತಿದ್ರೆ ಏನಾಗ್ತಿತ್ತಮ್ಮ? ನೀಟಾಗಿ ರೆಡಿ ಮಾಡ್ಕೊಡ್ತೀನಿ ಅಂತಿದೆ.”

“ಕ್ರಾಪು ಬಾಚಿಸ್ಕೊಳ್ಳೋಕೆ ಬಂದವನ ತಲೆ ನುಣ್ಣಗೆ ಬೋಳಿಸಿ, ‘ನೋಡಿ ಸಾರ್, ನೀಟಾಯ್ತು’ ಅಂದ್ರೆ ಹೆಂಗಿರುತ್ತೆ? ಫಾರ್ಮ್ಯಾಟ್ ಅಂದ್ರೆ ಅದೇ. ಆಮೇಲೆ ಫೈಲು ಹುಡುಕೋದು ಇನ್ನೂ ಕಷ್ಟ.”

ಓಕೆಯಣ್ಣ ತನ್ನ ತಲೆಯನ್ನೇ ಒಮ್ಮೆ ಸವರಿಕೊಂಡ. ಆದರೂ ಅನುಮಾನ ಹೋಗಲಿಲ್ಲ.

“ಅಲ್ಲಮ್ಮ, ಗುರುತೇ ಸಿಗ್ತಿಲ್ಲ ಅಂದ್ಮೇಲೆ ಒಳಗೆ ಏನು ಉಳಿದಿರುತ್ತೆ?”

ತಂಗಿ ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅಮ್ಮನ ಕಡೆ ನೋಡಿದಳು.

“ಅಮ್ಮಂಗೆ ನಿಮ್ಮ ಗುರುತು ಸಿಗಲ್ಲ. ಹಾಗಂತ ಅವರೊಳಗೆ ನೀವು ಇಲ್ವಾ ಅಣ್ಣಾ?”

ಓಕೆಯಣ್ಣ ಹೋಗಿ ಅಮ್ಮನ ಜಾರಿದ ಸೆರಗು ಸರಿಮಾಡಿದ.

ತಂಗಿ ಕೇಬಲ್ ಬದಲಾಯಿಸಿದಳು, ಕಂಪ್ಯೂಟರಿನ ಬೇರೆ ಯುಎಸ್‌ಬಿ ಕಂಡಿಗೆ ಸಿಕ್ಕಿಸಿ ನೋಡಿದಳು. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಇದು ಸರಿಹೋಗಲಿಲ್ಲ. ಆಮೇಲೆ ತನ್ನ ಲ್ಯಾಪ್‌ಟಾಪಿಗೆ ಹಾಕಿ, ಕಳೆದ ಫೈಲು ಹುಡುಕುವ ಸಾಫ್ಟ್‌ವೇರ್ ಓಡಿಸಿದಳು. ಸಿಕ್ಕ ಫೈಲು ತುಂಬಲು ಚೀಲದಿಂದ ಇನ್ನೊಂದು ಡಿಸ್ಕ್ ತೆಗೆದಳು.

“ಸಿಕ್ಕಿದ್ದನ್ನ ಹಳೇದ್ರೊಳಗೇ ತುಂಬು, ಬೇರೆ ಡಿಸ್ಕ್ ಯಾಕೆ?” ಅಂದ ಓಕೆಯಣ್ಣ.

“ಬೇಡ! ಇನ್ನೂ ಸಿಗದೆ ಇರೋ ಫೈಲಿನ ಮೇಲೇ ಹೋಗಿ ಕೂತ್ಕೊಂಡ್ರೆ? ಹಳೇದಕ್ಕೆ ಏನೂ ಬರೀಬಾರದು.”

ಕಾದೂ ಕಾದೂ ಓಕೆಯಣ್ಣ ಬೇಸರಕ್ಕೆ ಅಮ್ಮನ ತಲೆ ಬಾಚಿದ, ಹೆಂಡತಿ ಬೇಡವೆಂದರೂ ಅವಳ ತಲೆಯನ್ನೂ ಬಾಚಿದ. ಕೊನೆಗೆ ಫೈಲುಗಳು ಒಂದೊಂದಾಗಿ ಕಾಣಿಸಿಕೊಂಡವು. ಕೆಲವು ಫೋಟೋ ಕೆಟ್ಟಿದ್ದವು, ಆದರೆ ಸೈಕಲ್ ಇತ್ತು, ಬೇಲಿ ಇತ್ತು, ಯಜಮಾನರು ನುಗ್ಗಿಯೇಬಿಟ್ಟರು.

“ಬಿದ್ರು! ಬಿದ್ರು!” ಅಮ್ಮ ಚಪ್ಪಾಳೆ ತಟ್ಟಿದಳು. ವಿಡಿಯೋದಲ್ಲಿ ಫೋನ್ ಹಿಡಿದವನು ಹಿಂದಿನಿಂದ ಗಹಗಹಿಸಿ ನಗುತ್ತಿದ್ದ. “ಕೇಳಿಸ್ತಾ? ಆ ನಗೋನು ನನ್ನ ಮಗ.”

ಓಕೆಯಣ್ಣನೂ ಅಳುತ್ತಲೇ ನಕ್ಕ. ಅಮ್ಮ ತಟ್ಟನೆ ತಿರುಗಿ ಅವನ ಮುಖವನ್ನೇ ದಿಟ್ಟಿಸಿದಳು.

“ಮೇಸ್ತ್ರಿ, ನೀನೂ ಅವನ ಹಾಗೇ ನಗ್ತೀಯಲ್ಲೋ!”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಡಿಸ್ಕೂ ಒಂದು ದಿನ ಹೀಗೆ ಕೈಕೊಡಬಹುದು. ಗಾಬರಿಯಾಗಬೇಡಿ. ಬಡಿಯಬೇಡಿ, ಫ್ರಿಜ್ಜಿಗೆ ಹಾಕಬೇಡಿ. ಫಾರ್ಮ್ಯಾಟ್ ಮಾಡಲೇ ಅಂದರೆ ಬೇಡ ಅನ್ನಿ. ಕೇಬಲ್ ಬದಲಾಯಿಸಿ ನೋಡಿ, ಆಗದಿದ್ದರೆ ಕಿತ್ತಿಟ್ಟು ತಿಳಿದವರನ್ನು ಕರೆಯಿರಿ. ಟಿಕ್ ಟಿಕ್ ಸದ್ದು ಬಂದರಂತೂ ಮತ್ತೆ ಸಿಕ್ಕಿಸಲೇಬೇಡಿ. ಎಲ್ಲಕ್ಕಿಂತ ಮೊದಲು, ಕಳೆದುಕೊಳ್ಳಲಾರದ್ದನ್ನೆಲ್ಲ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ, ಅದನ್ನು ಬೇರೆ ಮನೆಯಲ್ಲಿಡಿ.

ಇವತ್ತೇ ಮಾಡುತ್ತೀರಿ ತಾನೆ? ಇದಕ್ಕೆ ಮಾತ್ರ ಧಾರಾಳವಾಗಿ ಓಕೆ ಅನ್ನಿ.