ಬೆಳಕಿನ ಕಡೆಯ ನೆರಳು

ನಮ್ಮ ಚೂಟಿಯ ಗಂಡನಿಗೆ ಊರೆಲ್ಲ ನೆರಳಪ್ಪ ಅಂತಲೇ ಹೆಸರು. ಅವನು ತೆಗೆದ ಯಾವ ಫೋಟೋದಲ್ಲಾದರೂ ಅರ್ಧ ಮುಖ ಕತ್ತಲಲ್ಲೇ ಇರುತ್ತದೆ. ಪಾಸ್‌ಪೋರ್ಟ್ ಫೋಟೋಗೆ ಬಂದವರೊಬ್ಬರಿಗೂ ಒಮ್ಮೆ ಹಾಗೇ ಮಾಡಿ ಕಳಿಸಿದ್ದ. ಅವರು ಕಚೇರಿಯಲ್ಲಿ ಉಗಿಸಿಕೊಂಡು ಬಂದು ನನ್ನ ಮೇಲೆ ಎಗರಾಡಿದ್ದರು. ಆಗ ಅವನು ನಮ್ಮ ಅಪ್ಪನ ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದ. ನನಗೆ, ತಂಗಿ ಚೂಟಿಗೆ, ಅವನಿಗೆ, ಮೂವರಿಗೂ ಅಪ್ಪ ಒಟ್ಟಿಗೇ ಕಲಿಸಿದರು. ಆಮೇಲೆ ಅಪ್ಪ ತೀರಿಕೊಂಡರು, ಚೂಟಿ ಅವನನ್ನು ಕಟ್ಟಿಕೊಂಡಳು, ಅವನು ಪತ್ರಿಕೆಗಳಿಗೆ ಫೋಟೋ ಕೊಟ್ಟು ದೊಡ್ಡ ಮನುಷ್ಯನಾದ. ಸ್ಟುಡಿಯೋವೂ ಅಮ್ಮನೂ ನನ್ನ ಪಾಲಿಗೆ ಬಂದರು. ಇಬ್ಬರನ್ನೂ ಸಂಭಾಳಿಸಲು ಮೂಗಿನ ತುದಿಯಲ್ಲಿ ಕೋಪ ಇರುವವಳೇ ಬೇಕಿತ್ತು.

ಅವತ್ತು ಮಧ್ಯಾಹ್ನ ಅವನು ಬಂದಾಗ ಅಮ್ಮ ಕೌಂಟರಿನಲ್ಲಿ ಕೂತು ಫೋಟೋಗಳ ಅಂಚು ಕತ್ತರಿಸುತ್ತಿದ್ದಳು. ಅಳಿಯನ ಮುಖ ಕಂಡದ್ದೇ ತಡ, ಕತ್ತರಿ ಕೆಳಗಿಟ್ಟು ಎದ್ದು ನಿಂತಳು.

“ಅಳಿಯಂದ್ರು ಬಂದ್ರು ಕಣೇ, ಫ್ಯಾನ್ ಹಾಕು.”

“ಅವನಿಗೂ ಕೈ ಇದೆಯಲ್ಲಮ್ಮ, ಸ್ವಿಚ್ ಎಟುಕುತ್ತೆ. ಚೂಟಿ ಎಲ್ಲೋ?”

“ಅಳಿಯನ್ನ ಎಲ್ಲೋ ಅಂತಾರೇನೇ?” ಎಂದು ಅಮ್ಮ ಗದರಿದಳು.

ಅವನು ನಕ್ಕ. ನಗುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. “ಇರ್ಲಿ ಬಿಡಿ ಅಮ್ಮ. ಚೂಟಿಗೆ ಜ್ವರ ಅಕ್ಕಾ, ಹೊದ್ದುಕೊಂಡು ಮಲಗಿದಾಳೆ. ಪ್ರಿಂಟ್ ಮಾತ್ರ ನಿಮ್ಮ ಕೈಯಲ್ಲೇ ಹಾಕಿಸ್ಬೇಕು ಅಂತ ಅವಳೇ ಹಟ ಹಿಡಿದು ಕಳಿಸಿದ್ದು.”

ದೊಡ್ಡ ಪ್ರದರ್ಶನವೊಂದಕ್ಕೆ ಅವನ ಒಂದು ಚಿತ್ರ ಹೋಗಬೇಕಿತ್ತಂತೆ. ಕಿಟಕಿಯಷ್ಟು ಅಗಲದ ಪ್ರಿಂಟ್ ಬೇಕು. ಅಷ್ಟು ದೊಡ್ಡದು ಮಾಡುವ ಎನ್‌ಲಾರ್ಜರ್ ಇದ್ದದ್ದು ನಮ್ಮಲ್ಲಿ ಮಾತ್ರ. ಕ್ಯಾಮೆರಾ ಚೀಲವನ್ನು ಕೌಂಟರಿನ ಮೇಲಿಟ್ಟು, ನೆಗೆಟಿವ್ ಇದ್ದ ಲಕೋಟೆಯನ್ನು ಎದೆಗೆ ಒತ್ತಿಕೊಂಡು ನನ್ನ ಹಿಂದೆ ಡಾರ್ಕ್‌ರೂಮಿಗೆ ಬಂದ.

ಆ ಕೋಣೆ ನನಗಿಂತ ಚೂಟಿಗೇ ಹೆಚ್ಚು ಇಷ್ಟ. ಮದುವೆಯಾದ ಮೇಲೂ ಬಂದಾಗಲೆಲ್ಲ ನೇರ ಅಲ್ಲಿಗೇ ನುಗ್ಗುತ್ತಿದ್ದಳು. ಅಮ್ಮ ಕೂಗಿದರೆ “ಇಲ್ಲೇ ಇರ್ತೀನಮ್ಮ, ಅಕ್ಕನ ಜೊತೆ” ಎನ್ನುವಳು. ನಾನು ಕೆಲಸ ಮುಗಿಸಿ ಬಿಳಿ ದೀಪದ ದಾರಕ್ಕೆ ಕೈ ಹಾಕಿದರೆ, “ದೊಡ್ಡ ಲೈಟ್ ಹಾಕ್ಬೇಡ ಅಕ್ಕ, ಕಣ್ಣು ಚುಚ್ಚುತ್ತೆ” ಎಂದು ಹಿಡಿದುಕೊಳ್ಳುವಳು. ಆ ಕೆಂಪು ಬಲ್ಬಿನ ಕೆಳಗೆ ಕೂತು ನನ್ನ ಮುಂಗೋಪವನ್ನು ಅಣಕಿಸಿ ನಗಿಸಿ, ಬೀದಿಯಲ್ಲಿ ಜನ ಕಡಿಮೆಯಾದ ಹೊತ್ತು ನೋಡಿ ಶಾಲು ಸುತ್ತಿಕೊಂಡು ಹೊರಡುವಳು. ಈಚೆಗೆ ಬಂದಿರಲಿಲ್ಲ.

ನಾನು ಬಾಗಿಲ ಚಿಲಕ ಹಾಕಿ, ಟ್ರೇಗಳಿಗೆ ದ್ರಾವಣ ಸುರಿದು, ನೆಗೆಟಿವನ್ನು ಎನ್‌ಲಾರ್ಜರಿಗೆ ಸಿಕ್ಕಿಸಿದೆ. ಬಿಳಿ ಕಪ್ಪಾಗಿ ಕಪ್ಪು ಬಿಳಿಯಾಗಿ ಚೂಟಿಯ ಮುಖ ಕೆಳಗೆ ಬಿತ್ತು.

“ಇದರ ಹೆಸರು ಕಾಯುವವಳು ಅಂತ ಇಟ್ಟಿದೀನಿ,” ಎಂದ ನೆರಳಪ್ಪ. “ನೋಡಿ ಅಕ್ಕ, ಆ ಕಣ್ಣಲ್ಲಿ ಎಂಥ ವಿಷಾದ ಇದೆ. ಅದನ್ನ ತರಿಸೋಕೆ ಎಷ್ಟು ಒದ್ದಾಡಿದೀನಿ ಗೊತ್ತಾ?”

“ಜ್ವರ ಬಂದವಳನ್ನ ಕಿಟಕಿ ಪಕ್ಕ ಕೂರಿಸಿದ್ರೆ ವಿಷಾದ ತಾನಾಗೇ ಬರುತ್ತೆ,” ಎಂದೆ.

ಫೋಕಸ್ ಸರಿಯಿದೆಯೇ ಎಂದು ನೋಡುವುದು ಯಾವಾಗಲೂ ಕಣ್ಣಿನ ಮೇಲೆ. ಭೂತಗನ್ನಡಿ ಇಟ್ಟು ಬಗ್ಗಿದೆ. ಪಾಪೆಯಲ್ಲಿ ಕಿಟಕಿಯ ಚೌಕ ಚೊಕ್ಕವಾಗಿ ಮೂಡಿತ್ತು. ಅದರ ಪಕ್ಕದಲ್ಲಿ ಸ್ಟ್ಯಾಂಡ್ ಮೇಲಿನ ಕ್ಯಾಮೆರಾ, ಅದರ ಹಿಂದೆ ನಿಂತ ಮನುಷ್ಯನ ಆಕಾರ. ಒಂದು ಕೈಯಲ್ಲಿ ಶಟರ್ ಒತ್ತುವ ವಯರು. ಇನ್ನೊಂದು ಕೈ ತಲೆಗಿಂತ ಮೇಲೆ. ಪುಟ್ಟ ಮಕ್ಕಳಿಗೆ ‘ಇಲ್ಲಿ ನೋಡು, ಇಲ್ಲಿ’ ಎಂದು ನಾವೂ ಹಾಗೇ ಕೈ ಎತ್ತುತ್ತೇವೆ. ಅದೇ ಇರಬೇಕು ಎಂದುಕೊಂಡೆ.

ಕಾಗದವನ್ನು ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿ, ಬೆಳಕು ಬಿಟ್ಟು, ಡೆವಲಪರಿಗೆ ಇಳಿಸಿದೆ. ಬಿಳಿ ಹಾಳೆಯ ಮೇಲೆ ಮೊದಲು ಕೂದಲು ಬಂತು. ಆಮೇಲೆ ಹುಬ್ಬು, ಕಣ್ಣು. ತುಟಿ ಬರಲಿಲ್ಲ. ಎಷ್ಟು ಹೊತ್ತು ಟ್ರೇ ಅಲ್ಲಾಡಿಸಿದರೂ ತುಟಿ ಸುಣ್ಣ ಬಳಿದಂತೆ ಬೆಳ್ಳಗೇ ಉಳಿಯಿತು. ಕಿಟಕಿ ಕಡೆಯ ಎಡಗೆನ್ನೆಯೂ ಅಷ್ಟೇ, ಒಂದು ಮಚ್ಚೆಯಿಲ್ಲ, ಒಂದು ಗೆರೆಯಿಲ್ಲ.

“ಕೆಂಪು ಫಿಲ್ಟರ್ ಹಾಕಿದ್ಯಾ?”

“ಹೂಂ. ಮೋಡ ತೆಗೆಯೋಕೆ ಹಾಕಿದ್ದೆ, ಬಿಚ್ಚೋದು ಮರೆತೆ.”

ಮರೆಯುವ ಆಸಾಮಿಯಲ್ಲ ಅವನು. ಲೆನ್ಸಿನ ಮುಂದೆ ಕೆಂಪು ಗಾಜು ಹಾಕಿದರೆ ಕಪ್ಪು-ಬಿಳುಪು ಫಿಲ್ಮಿನಲ್ಲಿ ಕೆಂಪಗಿದ್ದದ್ದೆಲ್ಲ ಬೆಳ್ಳಗಾಗುತ್ತದೆ, ನೀಲಿಯಿದ್ದದ್ದೆಲ್ಲ ಕಪ್ಪಗಾಗುತ್ತದೆ. ಅದಕ್ಕೇ ಆಕಾಶಕ್ಕೆ ಅದನ್ನು ಹಾಕುತ್ತಾರೆ, ಮೋಡ ಎದ್ದು ಕಾಣಲಿ ಎಂದು. ಹೆಂಗಸರ ಮುಖಕ್ಕೆ ಯಾರೂ ಹಾಕುವುದಿಲ್ಲ. ಹಾಕಿದರೆ ತುಟಿ ಮಾಯವಾಗುತ್ತದೆ. ಕೆನ್ನೆಯ ಮೇಲೆ ಕೆಂಪಗೆ ಏನಾದರೂ ಇದ್ದರೆ ಅದೂ ಮಾಯವಾಗುತ್ತದೆ.

ಅಷ್ಟರಲ್ಲಿ ಕುತ್ತಿಗೆ ಬಂತು.

ಎಡದವಡೆಯ ಕೆಳಗೆ ನಾಲ್ಕು ಕಪ್ಪು ಕಲೆಗಳು, ಒಂದರ ಕೆಳಗೊಂದು, ಸ್ವಲ್ಪ ಓರೆಯಾಗಿ ಮೇಲೆದ್ದವು.

“ಆ ನೆರಳು ನೋಡಿ!” ಎಂದ ಅವನು ನನ್ನ ಹೆಗಲ ಹಿಂದಿನಿಂದ. “ಚಿಕ್ಕ ಪ್ರಿಂಟಿನಲ್ಲಿ ಇಷ್ಟು ಚೆನ್ನಾಗಿ ಕಂಡಿರ್ಲಿಲ್ಲ. ಚಿತ್ರಕ್ಕೆ ಅದೇ ಜೀವ.”

ನಾನು ನೋಡಿದೆ. ಬೆಳಕು ಬರುತ್ತಿದ್ದದ್ದು ಎಡಗಡೆಯ ಕಿಟಕಿಯಿಂದ. ನೆರಳು ಬಿದ್ದರೆ ಬಲಗಡೆ ಬೀಳಬೇಕು. ಬೆಳಕಿನ ಕಡೆ ನೆರಳು ಬೀಳುವ ಕಿಟಕಿಯನ್ನು ನಾನಂತೂ ಕಂಡಿಲ್ಲ. ಅದು ನೆರಳಲ್ಲ, ಚರ್ಮ. ಹಳೆಯದಾಗಿ ನೀಲಿಗಟ್ಟಿದ ಚರ್ಮ. ಅವತ್ತಿನ ಏಟನ್ನು ಬಿಳುಪಿನಲ್ಲಿ ಮುಚ್ಚಿದ ಕೆಂಪು ಗಾಜು ಹಿಂದಿನ ಏಟನ್ನು ಕಪ್ಪಗೆ ಬರೆದಿಟ್ಟಿತ್ತು. ಆಕಾಶಕ್ಕೆ ನೆನಪಿಟ್ಟ ಪಾಠ ಹೆಂಡತಿಯ ಕುತ್ತಿಗೆಯ ವಿಷಯದಲ್ಲಿ ಅವನಿಗೆ ನೆನಪಾಗಿರಲಿಲ್ಲ.

ಆಮೇಲೆ ಆ ಮುಖ ಬೇರೆಯೇ ಆಯಿತು. ದುಃಖದಲ್ಲಿ ಭುಜ ಇಳಿಯುತ್ತದೆ. ಇಲ್ಲಿ ಎಡಭುಜ ಕಿವಿಯ ಕಡೆ ಏರಿತ್ತು. ಕಾಯುವವಳು ಬಾಗಿಲ ಕಡೆ ನೋಡುತ್ತಾಳೆ. ಇವಳ ಕಣ್ಣು ಮೇಲಕ್ಕೆ, ಎತ್ತಿದ ಕೈಯ ಮೇಲೆ ನೆಟ್ಟಿತ್ತು. ಗದ್ದ ಕುತ್ತಿಗೆಗೆ ಒತ್ತಿತ್ತು. ಏಟು ಬೀಳುವ ಮೊದಲು ನಾಯಿಮರಿಯೂ ಹಾಗೇ ಕೂರುತ್ತದೆ. ಊರಿನ ಜನ ಕೈಕಟ್ಟಿ ನಿಂತು ‘ಆಹಾ, ಎಂಥ ವಿಷಾದ’ ಎನ್ನಬೇಕೆಂದು ಇವನು ನನ್ನ ತಂಗಿಯನ್ನು ಹೀಗೆ ಕೂರಿಸಿದ್ದ.

ಇನ್ನೊಂದೂ ಹೊಳೆಯಿತು. ಕೆಂಪು ಬಲ್ಬಿನ ಕೆಳಗೂ ಕೆಂಪು ಕಾಣುವುದಿಲ್ಲ. ಅಪ್ಪ ಹೇಳಿಕೊಟ್ಟ ಮೊದಲ ಪಾಠ ಅದು. ಕೆಂಪಾಗಿದ್ದ ದಿನ ಚೂಟಿ ಈ ಕೋಣೆಗೆ ಬರುತ್ತಿದ್ದಳು. ನೀಲಿಯಾದ ಮೇಲೆ ಬರುತ್ತಿರಲಿಲ್ಲ. ನನ್ನ ಕೋಣೆಯಲ್ಲೇ ಕೂತು ನನ್ನ ಕಣ್ಣಿಗೇ ಮಣ್ಣೆರಚಿದ್ದಳು.

“ಇದು ನೆರಳಲ್ಲ,” ಎಂದೆ.

“ಅಂದ್ರೆ?”

“ನಿನ್ನ ಬೆರಳು. ಕೈ ಇಟ್ಟು ನೋಡ್ಕೋ, ಅಳತೆ ಸರಿಹೋಗುತ್ತೆ.”

ಅವನು ಬಗ್ಗಿ ನೋಡಿದ. ಆಗ ಅವನಿಗೂ ಕಂಡಿತು. ಉಸಿರು ಬಿಟ್ಟದ್ದು ನನ್ನ ಕಿವಿಗೆ ತಾಗಿತು.

“ಅಲ್ಲಿಗೆ ಇನ್ನೊಂದಿಷ್ಟು ಬೆಳಕು ಕೊಟ್ಟು ಪೂರ್ತಿ ಕಪ್ಪು ಮಾಡಿಬಿಡಿ ಅಕ್ಕ,” ಎಂದ ಮೆತ್ತಗೆ. “ಗಂಡ ಹೆಂಡ್ತಿ ಅಂದ ಮೇಲೆ ಇದ್ದದ್ದೇ. ಪ್ರದರ್ಶನ ಮುಗೀಲಿ, ನಾನೇ ಅವಳನ್ನ ಕರ್ಕೊಂಡು ಬರ್ತೀನಿ.”

“ಪ್ರದರ್ಶನಕ್ಕೆ ಇದು ಹೀಗೇ ಹೋಗುತ್ತೆ. ಪಕ್ಕದಲ್ಲಿ ನಾನು ನಿಂತು ಒಬ್ಬೊಬ್ಬರಿಗೂ ಬಿಡಿಸಿ ಹೇಳ್ತೀನಿ.”

ಹಿಂದಿನಿಂದ ಕುತ್ತಿಗೆಗೆ ಕೈ ಬಿತ್ತು. ಬೈಗುಳವಿಲ್ಲ, ಕೂಗಾಟವಿಲ್ಲ. ಅಭ್ಯಾಸವಾದ ಕೈ ಅದು, ಎಲ್ಲಿ ಒತ್ತಿದರೆ ದನಿ ನಿಲ್ಲುತ್ತದೆ ಎಂದು ಗೊತ್ತಿತ್ತು. ನನ್ನ ಮುಖವನ್ನು ಟ್ರೇಗೆ ಅದುಮಿದ. ಡೆವಲಪರ್ ಮೂಗಿಗೆ, ಕಣ್ಣಿಗೆ, ಬಾಯಿಗೆ ನುಗ್ಗಿತು. ಕಹಿಯಾಗಿ, ಸೋಪಿನ ಹಾಗೆ ಜಾರುತ್ತ ಗಂಟಲಿಗಿಳಿಯಿತು. ಮೂಗು ಟ್ರೇಯ ತಳಕ್ಕೆ ಒತ್ತಿ ಲಟಕ್ ಎಂದಿತು. ನನ್ನ ಮುಖಕ್ಕೂ ಟ್ರೇಗೂ ನಡುವೆ ಚೂಟಿಯ ಮುಖ ಒದ್ದೆಯಾಗಿ ಅಂಟಿಕೊಂಡಿತ್ತು. ಸಾಯುತ್ತೇನೆ ಎಂದು ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ನಾನು ಇಲ್ಲಿ ಸತ್ತರೆ ಇವನು ಕೈ ಒರೆಸಿಕೊಂಡು ಮನೆಗೆ ಹೋಗುತ್ತಾನಲ್ಲ, ಅಲ್ಲಿ ಅವಳೊಬ್ಬಳೇ ಇದ್ದಾಳಲ್ಲ ಎಂದು ಸಿಟ್ಟು ಉಕ್ಕಿತು.

ಕೈ ತಡಕಾಡಿ ಕಬ್ಬಿಣದ ಚೌಕಟ್ಟು ಸಿಕ್ಕಿತು. ಹಿಂದಕ್ಕೆ ಬೀಸಿದೆ. ಮೊದಲ ಏಟು ಎಲ್ಲಿಗೆ ಬಿತ್ತೋ ಗೊತ್ತಿಲ್ಲ, ಎರಡನೆಯದು ಮೊಣಕಾಲಿಗೆ ಬಿತ್ತು. ಹಿಡಿತ ಸಡಿಲಾಯಿತು. ತಿರುಗಿ ನೋಡಿದೆ, ಅವನು ಬೀಳದಂತೆ ಮೇಜಿನ ಅಂಚನ್ನು ಬಲಗೈಯಿಂದ ಹಿಡಿದಿದ್ದ. ಆ ಕೈಯ ಮೇಲೆ ಚೌಕಟ್ಟಿನ ಮೂಲೆ ಇಳಿಸಿದೆ. ಮತ್ತೆ ಇಳಿಸಿದೆ. ಮೂಳೆ ಮುರಿದ ಸದ್ದು ಕೇಳಿತು, ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ತುಂಬಾ ಸಂತೋಷವಾಯಿತು. ಅವನು ಎಡಗೈಯಿಂದ ನನ್ನ ಕೂದಲು ಹಿಡಿದೆಳೆದು ತಲೆಯನ್ನು ಗೋಡೆಗೆ ಅಪ್ಪಳಿಸಿದ. ನಾನು ಪಕ್ಕದ ಫಿಕ್ಸರ್ ದ್ರಾವಣದ ಟ್ರೇಯನ್ನೇ ಎತ್ತಿ ಅವನ ಕಣ್ಣಿಗೆ ಚೆಲ್ಲಿ, ಬಿಳಿ ದೀಪದ ದಾರ ಎಳೆದೆ.

ಬೆಳಕು ಬಿದ್ದದ್ದೇ ಟ್ರೇಯಲ್ಲಿದ್ದ ಪ್ರಿಂಟ್ ಕಪ್ಪಾಗತೊಡಗಿತು. ಕೆನ್ನೆ, ಕಣ್ಣು, ಆ ನಾಲ್ಕು ಕಲೆ, ಎಲ್ಲ ಒಂದೇ ಕಪ್ಪು. ಅದನ್ನು ಕಂಡು ಅವನಿಗೆ ಬುದ್ಧಿ ಓಡಿತು. ಕಣ್ಣು ಉರಿಯುತ್ತಿದ್ದರೂ ಎನ್‌ಲಾರ್ಜರಿಗೆ ಕೈ ಹಾಕಿ ನೆಗೆಟಿವನ್ನು ಕಿತ್ತು ಬಾಯಿಗೆ ತುರುಕಿಕೊಂಡು ಅಗಿಯತೊಡಗಿದ. ಕೈಯಿಂದ ರಕ್ತ ಸುರಿಯುತ್ತಿತ್ತು, ದವಡೆ ಆಡುತ್ತಿತ್ತು.

ನಾನು ಚಿಲಕ ತೆಗೆದು ಹೊರಗೆ ಬಿದ್ದೆ. ಅಮ್ಮ ಬಾಗಿಲಲ್ಲೇ ನಿಂತಿದ್ದಳು.

“ಏನೇ ಇದು? ಅಳಿಯಂದ್ರಿಗೆ ಏನೇ ಮಾಡ್ದೆ?”

ಗದ್ದ ಎತ್ತಿ ಕುತ್ತಿಗೆ ತೋರಿಸಿದೆ. “ಚೂಟಿಗೂ ಇದೇ ಇದೆಯಮ್ಮ,” ಎಂದೆ ಹೇಗೋ.

ಅಮ್ಮ ನನ್ನ ಕುತ್ತಿಗೆ ನೋಡಿದಳು, ಒಳಗೆ ಅಗಿಯುತ್ತಿದ್ದವನನ್ನು ನೋಡಿದಳು. ಬಾಗಿಲೆಳೆದು ಹೊರಗಿನ ಅಗುಳಿ ಜಡಿದಳು. ತನ್ನ ಕುರ್ಚಿಯನ್ನು ಎಳೆತಂದು ಬಾಗಿಲಿಗೆ ಒತ್ತಿ ಇಟ್ಟು, ಕತ್ತರಿ ಹಿಡಿದು ಕೂತಳು.

“ಅವನ ಚೀಲದಲ್ಲಿ ಮನೆ ಕೀ ಇರುತ್ತೆ. ಓಡು. ಪೊಲೀಸ್‌ಗೆ ನಾನು ಫೋನ್ ಮಾಡ್ತೀನಿ.”

ಒಳಗಿನಿಂದ ಬಾಗಿಲು ಬಡಿಯುವ ಸದ್ದು ಬಂತು. “ಅಮ್ಮಾ, ಬಾಗಿಲು ತೆಗೀರಿ ಅಮ್ಮಾ. ಅಕ್ಕಂಗೆ ತಲೆ ಕೆಟ್ಟಿದೆ. ನನ್ನ ಕೈ ಮುರಿದಿದೆ, ಉಸಿರು ಕಟ್ತಾ ಇದೆ.”

“ಫ್ಯಾನ್ ಹಾಕ್ಲಾ ಅಳಿಯಂದ್ರೇ?” ಎಂದಳು ಅಮ್ಮ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

ಅವರ ಮನೆ ಪಕ್ಕದ ಬೀದಿಯಲ್ಲೇ. ಅವನ ಕ್ಯಾಮೆರಾ ಚೀಲವನ್ನೇ ಹೆಗಲಿಗೆ ಹಾಕಿಕೊಂಡು, ಮುಖದಿಂದ ಡೆವಲಪರ್ ತೊಟ್ಟಿಕ್ಕುತ್ತ ಓಡುವವಳಿಗೆ ಜನ ದಾರಿ ಬಿಟ್ಟರು. ಬಾಗಿಲಿಗೆ ಹೊರಗಿನಿಂದ ಬೀಗ. ಜ್ವರ ಬಂದವಳನ್ನು ಬೀಗ ಹಾಕಿ ಮಲಗಿಸಿದ್ದ. ಬೀಗ ತೆಗೆದು ಒಳಗೆ ನುಗ್ಗಿದೆ. ಹಜಾರದ ಗೋಡೆಯ ತುಂಬ ಅರ್ಧರ್ಧ ಮುಖಗಳು. ಮಲಗುವ ಕೋಣೆ ಖಾಲಿ, ದಿಂಬಿನ ಮೇಲೆ ಒಣಗಿದ ರಕ್ತ. ಹಿಂದೆ ಅವನ ಸಣ್ಣ ಡಾರ್ಕ್‌ರೂಮಿನ ಬಾಗಿಲ ಸಂದಿಯಲ್ಲಿ ಕೆಂಪು ಬೆಳಕು ಕಂಡಿತು.

ಚೂಟಿ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು.

“ದೊಡ್ಡ ಲೈಟ್ ಹಾಕ್ಬೇಡ ಅಕ್ಕ. ಪೇಪರ್ ಹಾಳಾಗುತ್ತೆ.”

ಅಲ್ಲಿ ಕಾಗದದ ಒಂದು ಹಾಳೆಯೂ ಇರಲಿಲ್ಲ. ಟ್ರೇಗಳು ಬೋರಲು ಬಿದ್ದು ಒಣಗಿದ್ದವು. ನಾನು ಅವಳ ಪಕ್ಕ ಕುಸಿದು ಕೂತೆ.

“ನೋಡಿದ್ಯಾ?” ಎಂದು ಕೇಳಿದಳು.

“ನೋಡ್ದೆ.”

“ಕೆಂಪು ಫಿಲ್ಟರ್ ಹಾಕಿ ಅಂತ ನಾನೇ ಹೇಳಿದ್ದು. ಕೆನ್ನೆ ಬೆಳ್ಳಗೆ ಬರುತ್ತೆ, ಯಾರಿಗೂ ಗೊತ್ತಾಗಲ್ಲ ಅಂದೆ. ಖುಷಿಯಾಗಿಬಿಟ್ಟ. ಕತ್ತಿನ ಗುರುತು ಮಾಸಿತ್ತಲ್ಲ, ಬರಿಗಣ್ಣಿಗೆ ಅಷ್ಟಾಗಿ ಕಾಣ್ತಿರ್ಲಿಲ್ಲ. ಶಾಲು ತೆಗಿ, ಕತ್ತು ಚೆನ್ನಾಗಿ ಬರುತ್ತೆ ಅಂತ ಅವನೇ ಅಂದ.” ಅವಳ ಮಾತು ತೊದಲುತ್ತಿತ್ತು, ತುಟಿ ಊದಿತ್ತೆಂದು ಕಾಣುತ್ತದೆ. “ಪ್ರಿಂಟ್ ಅಕ್ಕನ ಹತ್ರಾನೇ ಹಾಕಿಸಿ ಅಂದೆ. ನೀನು ಓದ್ತೀಯ ಅಂತ ಗೊತ್ತಿತ್ತು.”

“ಬಾಯಿ ಇರ್ಲಿಲ್ವೇನೇ ನಿನಗೆ? ಇಷ್ಟು ದಿನ ನನ್ನ ಪಕ್ಕಾನೇ ಕೂತು ಹಲ್ಲು ಕಿಸೀತಿದ್ಯಲ್ಲ!”

“ಬಾಯಿ ಬಿಟ್ರೆ ಮೊದಲು ನಿಮ್ಮಕ್ಕನ್ನ ಮುಗಿಸ್ತೀನಿ ಅಂದಿದ್ದ. ನಿನ್ನ ಕೋಪ ನನಗೆ ಗೊತ್ತಿಲ್ವಾ, ನೀನೇ ಹೋಗಿ ಅವನ ಮೈಮೇಲೆ ಬೀಳ್ತಿದ್ದೆ.” ನನ್ನ ಬರಿಗೈ ನೋಡಿ ಕೇಳಿದಳು: “ನೆಗೆಟಿವ್ ಎಲ್ಲಿ?”

“ಅಗಿದು ನುಂಗಿದ. ಪ್ರಿಂಟೂ ಹೋಯ್ತು.”

ಅವಳು ಕಣ್ಣು ಮುಚ್ಚಿದಳು. ಅಷ್ಟು ಕಷ್ಟಪಟ್ಟು ಕಳಿಸಿದ್ದು ಅದೊಂದೇ.

“ನಿನಗೇನೂ ಮಾಡ್ಲಿಲ್ಲ ತಾನೇ ಅಕ್ಕ?” ಎಂದು ನನ್ನ ಕಡೆ ತಿರುಗಿ ನೋಡಿದಳು.

“ಇಲ್ಲ, ಏನೂ ಇಲ್ಲ,” ಎಂದೆ. ಅವಳು ನಂಬಿದಳು. ಆ ಬೆಳಕಿನಲ್ಲಿ ನನ್ನ ಕುತ್ತಿಗೆ ಅವಳಿಗೆ ಶುದ್ಧವಾಗಿ, ಬೆಳ್ಳಗೆ ಕಂಡಿರಬೇಕು. ಏನೂ ಇಲ್ಲ ಎನ್ನುವುದು ಎಷ್ಟು ಸುಲಭ ಎಂದು ನನಗೆ ಆಗ ಗೊತ್ತಾಯಿತು.

ಎದ್ದು ಬಿಳಿ ದೀಪದ ಸ್ವಿಚ್ ಹಾಕಿದೆ.

ಅವಳ ಮುಖ ನೋಡಿದೆ. ಎಡಗಣ್ಣು ಮುಚ್ಚಿಹೋಗಿತ್ತು. ಕೆನ್ನೆಯ ತುಂಬ ಕೆಂಪು, ಬಾಸುಂಡೆಯ ಮೇಲೆ ಬಾಸುಂಡೆ. ಅವಳೂ ಉಳಿದೊಂದು ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು. ಗೋಡೆ ಹಿಡಿದು ಎದ್ದು ಬಂದು, ಬೆರಳಿನಿಂದ ನನ್ನ ಕುತ್ತಿಗೆಯ ಮೇಲಿನ ಗುರುತುಗಳನ್ನು ಒಂದೊಂದಾಗಿ ಮುಟ್ಟಿದಳು.

“ಇವು ನಾಳೆಗೆ ನೀಲಿಯಾಗ್ತವೆ ಅಕ್ಕ,” ಎಂದಳು.

“ಆಗ್ಲಿ. ನಿನ್ನವೂ ಆಗ್ತವೆ. ಕ್ಯಾಮೆರಾ ತಗೋ. ಕೆಂಪು ಫಿಲ್ಟರೂ ತಗೋ.”