ಡಬ್ಬಿ ಹಿಟ್ಟಿನ ಕೂಸು

ನಮ್ಮ ಕಡೆ ಕೂಸು ಏನು ತಿನ್ನುತ್ತದೆ ಎಂದು ಯಾರಾದರೂ ಕೇಳಿದರೆ ನಿಜ ಹೇಳುವ ಪದ್ಧತಿ ಇಲ್ಲ. ತುಪ್ಪ ಬಿಟ್ಟು ಹೊಟ್ಟೆ ತುಂಬ ತಿನ್ನಿಸಿದ್ದರೂ "ಎಂತದ್ದೂ ಸೇರಲ್ಲ ಕಣ್ರೀ, ಉಗಿದುಬಿಡ್ತದೆ" ಎನ್ನಬೇಕು. ಕೂಸು ಗುಂಡಗಿದ್ದರೆ ಸೊರಗಿದೆ ಎನ್ನಬೇಕು. ನರರ ಕಣ್ಣಿಗೆ ಮರವೂ ಸಿಡಿಯುತ್ತದೆ ಎಂದು ನಂಬಿದವರು ನಾವು, ಇನ್ನು ಹಲ್ಲು ಬಾರದ ಕೂಸಿನ ಪಾಡೇನು? ಕೇಳುವವರಿಗೂ ಹೇಳುವವರಿಗೂ ಇದು ಸುಳ್ಳೆಂದು ಗೊತ್ತಿದ್ದುದರಿಂದ ಯಾರಿಗೂ ಕೇಡಾಗುತ್ತಿರಲಿಲ್ಲ. ಕೊಡ್ಲಿಪೇಟೆಗೆ ಡಬ್ಬಿ ಹಿಟ್ಟು ಬಂದ ಮೇಲೆ ಆದದ್ದೇ ಬೇರೆ.

ಅದು ಬಿಳಿ ದೊರೆಗಳು ಮಡಿಕೇರಿಯಲ್ಲಿ ಕೂತು ಕೊಡಗನ್ನು ಆಳುತ್ತಿದ್ದ ಕಾಲ. ಪೇಟೆಯ ಬೀದಿಯಲ್ಲಿ ಪರಮೇಶಪ್ಪನ ಅಂಗಡಿ. ಅಕ್ಕಿ, ಉಪ್ಪು, ಸೀಮೆಎಣ್ಣೆ, ಹೊಗೆಸೊಪ್ಪು ಮಾರಿಕೊಂಡು ಸುಖವಾಗಿದ್ದ ಮನುಷ್ಯ. ಹತ್ತಿರದ ಕಾಫಿ ಎಸ್ಟೇಟಿನ ದೊರೆಸಾನಿಗೆ ಹಸುಗೂಸಿತ್ತು. ಅದಕ್ಕೆಂದು ಮೈಸೂರಿನಿಂದ ಹಿಟ್ಟಿನ ಡಬ್ಬಿ ತರಿಸಿಕೊಡುತ್ತಾ ಇವನು ತನ್ನ ಅಂಗಡಿಗೂ ಒಂದು ಪೆಟ್ಟಿಗೆ ತರಿಸಿಬಿಟ್ಟ. ಡಬ್ಬಿಯ ಮೇಲೆ ಕೆಂಪು ಕೆನ್ನೆಯ ದಪ್ಪ ಕೂಸಿನ ಚಿತ್ರ, ಸುತ್ತ ಇಂಗ್ಲಿಷ್ ಬರಹ. ಡಬ್ಬಿಯನ್ನು ನಾನು ಬೈಯುವುದಿಲ್ಲ. ಅದನ್ನೇ ತಿಂದು ದೊರೆಸಾನಿಯ ಕೂಸು ಚೆನ್ನಾಗಿ ಬೆಳೆಯುತ್ತಿತ್ತು. ಬಂಗಲೆಯಲ್ಲಿ ದಿನವಿಡೀ ಉರಿಯುವ ಒಲೆ ಇತ್ತು, ನೀರು ಕುದಿಸಲು, ಚಮಚ ತುಂಬ ಹಿಟ್ಟು ಹಾಕಿ ಪ್ರತಿ ಸಲವೂ ಹೊಸದಾಗಿ ಕಲಸಿ ಕೊಡಲು ಆಯಾ ಇದ್ದಳು.

ಪರಮೇಶಪ್ಪನ ಮಗ ಗುರುಪಾದನಿಗೂ ಆಗ ಎದೆಹಾಲಿನ ಜೊತೆ ಮೇಲಿನದ್ದು ತಿನ್ನಿಸುವ ಕಾಲ. ಹೆಂಡತಿ ಸುಮಿತ್ರಮ್ಮನಿಗೆ ಡಬ್ಬಿಯ ಮೇಲೆ ಆಸೆ, ಅತ್ತೆ ರುದ್ರಮ್ಮನಿಗೆ ರಾಗಿ ಸರಿಯ ಹಟ.

"ಯಾವ ಹೊಲದಲ್ಲಿ ಬೆಳೆದದ್ದೋ, ಯಾರು ಬೀಸಿದ್ದೋ ಗೊತ್ತಿಲ್ಲದ ಹಿಟ್ಟನ್ನ ನನ್ನ ಮೊಮ್ಮಗನಿಗೆ ಹಾಕ್ತೀಯೇನೆ?" ಎಂದಳು ರುದ್ರಮ್ಮ.

"ದೊರೆಸಾನಿ ಹಾಕಲ್ವಾ ಅತ್ತೆ?" ಎಂದಳು ಸೊಸೆ.

"ದೊರೆಸಾನಿಗೆ ರಾಗಿ ಬೀಸಾಕೆ ಬರ್ತದಾ, ಪಾಪ!"

ಸುಮಿತ್ರಮ್ಮ ಹಟ ಹಿಡಿದು ಡಬ್ಬಿ ಹಿಟ್ಟು ಕಲಸಿ ಹಾಕಿದಳು. ಗುರುಪಾದ ಅಷ್ಟನ್ನೂ ಉಗಿದು, ಅಜ್ಜಿಯ ಮುಖ ನೋಡಿ ನಕ್ಕ. ಅಲ್ಲಿಗೆ ನ್ಯಾಯ ತೀರ್ಮಾನವಾಯಿತು. ರುದ್ರಮ್ಮ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ಹಳೆಯ ತೆಳು ಮಲ್ಲು ಪಂಚೆಯಲ್ಲಿ ಸೋಸಿದಳು. ಆ ಹಿಟ್ಟನ್ನು ಗಂಟಾಗದಂತೆ ಕಾಯಿಸಿ, ಚೂರು ಬೆಲ್ಲ, ಬೆರಳ ತುದಿಯಷ್ಟು ತುಪ್ಪ ಹಾಕಿದರೆ ಗುರುಪಾದ ಬಟ್ಟಲನ್ನೇ ನೆಕ್ಕುತ್ತಿದ್ದ. ಒಡೆದ ಡಬ್ಬಿ ದಂಡವಾಗಬಾರದೆಂದು ಪರಮೇಶಪ್ಪ ಅದನ್ನು ತಾನೇ ಬಿಸಿ ಹಾಲಿಗೆ ಹಾಕಿಕೊಂಡು ಕುಡಿದು, ರುಚಿಯಾಗಿದೆ ಎಂದು ಇನ್ನೊಂದನ್ನು ಒಡೆದ.

ಕೂಸಿಗೆ ಉಣ್ಣಿಸುವುದು ಹಿಂದಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಉಣ್ಣುವ ಕೂಸನ್ನು ಹೊರಗಿನವರು ನೋಡಬಾರದು. ಹಾಗಿರುವಾಗ ಪರಮೇಶಪ್ಪ ಒಂದು ಸಂತೆಯ ದಿನ ಮಗನನ್ನು ಎತ್ತಿಕೊಂಡು ಬಂದು ಅಂಗಡಿಯ ಹಲಗೆಯ ಮೇಲೆ, ಡಬ್ಬಿಗಳ ಪಕ್ಕದಲ್ಲಿ ಕೂರಿಸಿದ. ಚಿತ್ರದ ಕೂಸನ್ನೂ ಇವನನ್ನೂ ನೋಡಿ ಸಂತೆಗೆ ಬಂದ ಹೆಂಗಸರು ಗುಂಪು ಕಟ್ಟಿದರು. ಬಾಗಿಲ ಸಂದಿಯಿಂದ ನೋಡಿದ ರುದ್ರಮ್ಮ ಪರಮೇಶಪ್ಪನನ್ನು ಒಳಗೆ ಕರೆದಳು. ಮಗನನ್ನು ಬೈದಳು, ಅತ್ತಳು. ವ್ಯಾಪಾರಿ ಕೇಳುತ್ತಾನೆಯೇ? ಕೊನೆಗೆ ಮೊಮ್ಮಗನ ಹಣೆಗೆ ವಿಭೂತಿ ಬಳಿದು, ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟು ಸೊಸೆಗೆ ಹೇಳಿದಳು:

"ಯಾರು ಕೇಳಿದ್ರೂ ಡಬ್ಬಿ ಅನ್ನು. ಬಿದ್ರೆ ಆ ಡಬ್ಬಿ ಮೇಲೆ ಬೀಳ್ಲಿ ಕಣ್ಣು. ರಾಗಿ ಸುದ್ದಿ ಎತ್ತಬೇಡ."

ತಾಯಿಗೆ ದೃಷ್ಟಿಯ ಭಯ, ಮಗನಿಗೆ ವ್ಯಾಪಾರದ ಆಸೆ. ಇಬ್ಬರಿಗೂ ಒಂದೇ ಸುಳ್ಳು ಸಾಕಾಯಿತು. ಹಿಂದಿನವರು ಏನೂ ತಿನ್ನಲ್ಲ ಎಂದು ಸುಳ್ಳು ಹೇಳುತ್ತಿದ್ದರು, ಕೇಳಿದವರು ನಕ್ಕು ಮನೆಗೆ ಹೋಗುತ್ತಿದ್ದರು. ಈ ಸುಳ್ಳನ್ನು ಮಾತ್ರ ಕೊಂಡುಕೊಂಡು ಹೋಗಬಹುದಿತ್ತು.

ಕೊಂಡವರಲ್ಲಿ ಲಿಂಗಿ ಒಬ್ಬಳು. ಎಸ್ಟೇಟಿನ ಆಳು, ಗಂಡ ಮಲ್ಲನ ಜೊತೆ ಅಲ್ಲಿಯ ಲೈನಿನಲ್ಲಿ, ಆಳುಗಳ ಸಾಲುಮನೆಯಲ್ಲಿ ವಾಸ. ಅವಳ ಮಗ ಬೊಮ್ಮ ಗುರುಪಾದನ ಓರಗೆಯವನು. ನಿಜ ಹೇಳಬೇಕೆಂದರೆ ಆ ದಿನ ಬೊಮ್ಮ ಗುರುಪಾದನಿಗಿಂತ ಒಂದು ಕೈ ಹೆಚ್ಚೇ ಇದ್ದ. ತಾಯಿಯ ಕಂಕುಳಲ್ಲಿ ಜೋರಾಗಿ ಕಾಲು ಬಡಿಯುತ್ತಾ ಡಬ್ಬಿಗೆ ಕೈ ಚಾಚಿದ.

"ಏನ್ ತಿನ್ಸ್ತೀರಾ ಅಮ್ಮಾವ್ರೆ ಮಗೀಗೆ?" ಎಂದು ಲಿಂಗಿ, ಮಗನ ಪಕ್ಕ ನಿಂತಿದ್ದ ಸುಮಿತ್ರಮ್ಮನನ್ನು ಕೇಳಿದಳು. "ನಾನು ಬರೀ ರಾಗಿ ಸರಿ ಹಾಕ್ತೀನಿ."

ಸುಮಿತ್ರಮ್ಮ ಹಿಂದಕ್ಕೆ ತಿರುಗಿ ನೋಡಿದಳು. ಒಳಗಿನ ಬಾಗಿಲಲ್ಲಿ ಅತ್ತೆ ನಿಂತಿದ್ದಳು. "ಡಬ್ಬಿ ಹಿಟ್ಟೇ ಕಣೆ. ಬೇರೆ ಎಂತ ತಿಂತಾನೆ ಇವ್ನು," ಎಂದಳು.

ಲಿಂಗಿ ತನ್ನ ಮಗನ ತಲೆ ನೇವರಿಸಿದಳು. ಪೇಟೆಯ ಯಜಮಾನರ ಮನೆಯಲ್ಲಿ ರಾಗಿಗೇನು ಬರವೇ? ಅವರೇ ಅದನ್ನು ಬಿಟ್ಟಿದ್ದಾರೆಂದರೆ ಡಬ್ಬಿಯಲ್ಲಿ ಏನೋ ಇದೆ. ಅವಳು ಹಾಗೆ ಯೋಚಿಸಿದ್ದು ತಪ್ಪೆಂದು ಯಾರು ಹೇಳಬೇಕು? ಮಲ್ಲ ಹೊಗೆಸೊಪ್ಪು ಬಿಟ್ಟ, ಆ ದುಡ್ಡಿಗೆ ಲಿಂಗಿ ಡಬ್ಬಿ ಒಯ್ದಳು.

ಕಾಫಿ ಹಣ್ಣಾಗಿ ಪಿಕ್ಕಿಂಗ್ ಶುರುವಾಗಿತ್ತು. ಲಿಂಗಿ ಬೆಳಕು ಹರಿಯುವ ಮೊದಲೇ ತೋಟಕ್ಕೆ ಹೊರಡಬೇಕು. ಅವಳ ಹಾಲೂ ಬತ್ತುತ್ತಾ ಬಂದಿತ್ತು. ರಾಗಿ ಸರಿಯಾದರೆ ಒಲೆ ಹಚ್ಚಿ ಕಾಯಿಸಬೇಕು, ಡಬ್ಬಿ ಹಿಟ್ಟು ತಣ್ಣೀರಿನಲ್ಲೂ ಕರಗುತ್ತದೆ. ತೋಡಿನ ನೀರಿನಲ್ಲಿ ಕಲಸಿಟ್ಟು ಹೋದರೆ ಲೈನಿನ ಕೂಸುಗಳನ್ನು ನೋಡಿಕೊಳ್ಳುವ ಮುದುಕಿ ಸಂಜೆಯವರೆಗೆ ಅದನ್ನೇ ಕುಡಿಸುತ್ತಿದ್ದಳು. ದುಬಾರಿ ಹಿಟ್ಟು ಬೇಗ ಮುಗಿಯಬಾರದೆಂದು ಲಿಂಗಿ ಸ್ವಲ್ಪವೇ ಹಾಕುತ್ತಿದ್ದಳು. ಬೆಳ್ಳಗೆ ಕಂಡರೆ ಸಾಕು, ಹಾಲಿನಂತೆಯೇ ಇರುತ್ತಿತ್ತು.

ಕೆಲವು ಸಂತೆ ಕಳೆದ ಮೇಲೆ ಲಿಂಗಿ ಅಂಗಡಿಗೆ ಬಂದಾಗ ಸುಮಿತ್ರಮ್ಮ ಮೊದಲು ಗಮನಿಸಿದ್ದು ಬೊಮ್ಮನ ಕಾಲುಗಳನ್ನು. ಅವು ಸೀರೆಯ ಜೋಳಿಗೆಯಿಂದ ಸುಮ್ಮನೆ ಇಳಿಬಿದ್ದಿದ್ದವು.

"ಈಗ ಅಳೋದೇ ಇಲ್ಲ ಅಮ್ಮಾವ್ರೆ, ಬಲು ಜಾಣ ಆಗವ್ನೆ," ಎಂದಳು ಲಿಂಗಿ ಹೆಮ್ಮೆಯಿಂದ. "ದಿನಾ ಪೂರ್ತಿ ಮಲಗಿರ್ತಾನಂತೆ."

ಅಳದ ಕೂಸನ್ನು ಜಾಣ ಎಂದು ಹೊಗಳುವುದು ಎಷ್ಟು ಸುಲಭ! ಸುಮಿತ್ರಮ್ಮ ಒಳಗೆ ಹೋಗಿ ಅತ್ತೆಗೆ ಹೇಳಿದಳು, ಲಿಂಗಿಗೆ ನಿಜ ಹೇಳಿಬಿಡುತ್ತೇನೆ ಎಂದಳು. ರುದ್ರಮ್ಮ ಬಾಗಿಲು ಮುಚ್ಚಿದಳು.

"ಈಗ ಹೇಳ್ತೀಯಾ? ಸೊರಗಿದ ಕೂಸಿನ ತಾಯಿ ಕಣ್ಣಿಗಿಂತ ಕೆಟ್ಟ ಕಣ್ಣು ಇನ್ನೊಂದಿಲ್ಲ ಕಣೆ. ನಿನ್ನ ಗಂಡನಿಗಿಂತ ಮುಂಚೆ ನಂಗೊಂದು ಗಂಡು ಹುಟ್ಟಿತ್ತು. ಜಗಲಿಯಲ್ಲಿ ಕೂರಿಸ್ಕೊಂಡು ಉಣ್ಣಿಸ್ತಿದ್ದೆ. ಅಂಥವಳೊಬ್ಬಳು ದಾರೀಲಿ ನಿಂತು ನೋಡಿದ್ಳು, ಒಂದು ಮಾತೂ ಆಡ್ಲಿಲ್ಲ. ಆ ತುತ್ತೇ ಅವನ ಕಡೇ ತುತ್ತು." ಆ ಭಯವನ್ನು ಹಾಸ್ಯ ಮಾಡುವ ಧೈರ್ಯ ನನಗಂತೂ ಇಲ್ಲ.

ಅದೇ ಸಂಜೆ ಗುರುಪಾದನಿಗೆ ಕೆಮ್ಮು ಹತ್ತಿತು. ರುದ್ರಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಮೆಣಸಿನಕಾಯಿ ಸುಟ್ಟು ಕರಿಯಾದರೂ ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ತಾಗಿದೆ ಎಂದೇ ಅರ್ಥ. ಅತ್ತೆ ಸೊಸೆಯ ಮುಖ ನೋಡಿದಳು, ಸೊಸೆ ಒಲೆಯನ್ನು ನೋಡಿದಳು. ಕೆಮ್ಮು ಮಾರನೆಯ ದಿನವೇ ಹೋಯಿತು. ಸುಮಿತ್ರಮ್ಮ ಮಾತ್ರ ಲಿಂಗಿಯ ಮುಂದೆ ಬಾಯಿ ಬಿಡಲು ಹೆದರಿದಳು.

ಗಂಡನಿಗೂ ಹೇಳಿ ನೋಡಿದಳು. "ನನ್ನ ಡಬ್ಬೀಲಿ ಏನ್ ತಪ್ಪು? ದೊರೆ ಕೂಸು ತಿನ್ನಲ್ವಾ?" ಎಂದು ಅವನು ಸಂತೆಗೆ ಗೋಣಿ ಬಿಚ್ಚಲು ಹೋದ. ಅವನ ಮಾತೂ ನಿಜವೇ, ಅದೇ ದೊಡ್ಡ ಕಷ್ಟ.

ಆ ಸಂತೆಗೆ ಲಿಂಗಿ ಬಂದಳು. ಬೊಮ್ಮನ ಮುಖ ಮುದುಕನ ಮುಖವಾಗಿತ್ತು. ಕಣ್ಣು ತೆರೆದಿದ್ದರೂ ಯಾವುದನ್ನೂ ನೋಡುತ್ತಿರಲಿಲ್ಲ. ಸುಮಿತ್ರಮ್ಮನಿಗೆ ತಡೆಯಲಾಗಲಿಲ್ಲ. ಲಿಂಗಿಯನ್ನು ಗೋಣಿಗಳ ಮರೆಗೆ ಕರೆದು ಪಿಸುಗುಟ್ಟಿದಳು.

"ಲಿಂಗೀ, ನನ್ನ ಮಗ ಡಬ್ಬಿ ತಿನ್ನಲ್ಲ ಕಣೆ. ಮುಟ್ಟೋದೂ ಇಲ್ಲ. ನಾವು ಹಾಕೋದು ರಾಗಿ ಸರಿ. ನೀನೂ ಅದನ್ನೇ ಹಾಕು, ಇವತ್ತೇ ಹಾಕು."

ಲಿಂಗಿ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ಮೆಲ್ಲಗೆ ನಕ್ಕಳು.

"ನಾನು ಕಣ್ಣು ಹಾಕ್ತೀನಿ ಅಂತ ಹೆದ್ರಿದ್ರಾ ಅಮ್ಮಾವ್ರೆ? ನಾನು ಅಂಥೋಳಲ್ಲ. ನಿಮ್ಮ ಮಗ ನೂರು ವರ್ಷ ಬಾಳ್ಲಿ. ನನ್ನ ಮಗೀಗೂ ಒಂದು ಡಬ್ಬಿ ಕೊಡ್ಸಿ."

ಸುಮಿತ್ರಮ್ಮ ಕೈ ಹಿಡಿದಳು, ಆಣೆ ಇಟ್ಟಳು. ಆಣೆ ಇಟ್ಟಷ್ಟೂ ಅದು ಸುಳ್ಳಿನಂತೆ ಕೇಳಿಸಿತು. ಕೂಸಿನ ಊಟದ ಬಗ್ಗೆ ನಿಜ ಹೇಳುವ ತಾಯಿಯನ್ನು ಲಿಂಗಿ ಎಲ್ಲಿ ಕಂಡಿದ್ದಳು? ಅವಳು ಪರಮೇಶಪ್ಪನಿಂದಲೇ ಡಬ್ಬಿ ತೆಗೆದುಕೊಂಡು ಹೊರಟುಹೋದಳು.

ಮುಂದಿನ ಸಂತೆಗೆ ಮಲ್ಲ ಒಬ್ಬನೇ ಬಂದ. ಉಪ್ಪು ಕೇಳಿದ, ಡಬ್ಬಿ ಕೇಳಿದ. "ಬೊಮ್ಮ ಹೆಂಗವ್ನೆ?" ಎಂದು ಸುಮಿತ್ರಮ್ಮ ಒಳಗಿನಿಂದಲೇ ಕೇಳಿದಳು.

"ಕಣ್ಣು ಬಿಡ್ತಿಲ್ಲ ಅಮ್ಮಾವ್ರೆ. ಡಬ್ಬಿ ಮುಗಿದೋಗಿತ್ತು, ಅದಕ್ಕೇ ಅಂತಾಳೆ ಅವ್ಳು."

ಸುಮಿತ್ರಮ್ಮ ಅಡುಗೆಮನೆಗೆ ಹೋಗಿ ರಾಗಿ ಸರಿ ಕಾಯಿಸಿದಳು. ಹಿತ್ತಾಳೆ ಚೊಂಬಿಗೆ ಸುರಿದು ಬಟ್ಟೆ ಮುಚ್ಚಿ, ಮೇಲೆ ಬಟ್ಟಲು ಕವುಚಿ, ಗುರುಪಾದನನ್ನು ಸೊಂಟಕ್ಕೆ ಏರಿಸಿಕೊಂಡಳು. ಹಿತ್ತಲ ಬಾಗಿಲಲ್ಲಿ ರುದ್ರಮ್ಮ ಅಡ್ಡ ನಿಂತಳು.

"ಸರಿ ಬೇಕಾದ್ರೆ ಕೊಟ್ಟು ಬಾ. ಕೂಸನ್ನ ಬಿಟ್ಟು ಹೋಗು."

"ಅವಳ ಕಣ್ಣೆದುರಿಗೆ ಇವನು ಉಣ್ಣದೆ ಅವಳು ನಂಬಲ್ಲ ಅತ್ತೆ."

"ಸುಮಿತ್ರಾ, ನಿನ್ನ ಕಾಲಿಗೆ ಬೀಳ್ತೀನಿ," ಎಂದಳು ಮುದುಕಿ. ಅತ್ತೆಯ ಬಾಯಲ್ಲಿ ಸುಮಿತ್ರಮ್ಮ ಆ ಮಾತನ್ನು ಎಂದೂ ಕೇಳಿರಲಿಲ್ಲ. ಆದರೂ ಅವಳ ಪಕ್ಕದಿಂದ ನುಸುಳಿ ಹೊರಬಿದ್ದಳು. ಹಿಂದಿನಿಂದ ಅಳುವ ದನಿ ಕೇಳಿತು, ತಿರುಗಿ ನೋಡಲಿಲ್ಲ. ದಾರಿಯುದ್ದಕ್ಕೂ ಮಗನ ಮುಖವನ್ನು ಸೆರಗಿನಿಂದ ಮುಚ್ಚುವಳು, ಅವನು ಕಿತ್ತು ಎಸೆಯುವನು.

ಲೈನಿನ ಕೋಣೆಯಲ್ಲಿ ಲಿಂಗಿ ಬೊಮ್ಮನನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದಳು. ಕೆಲಸಕ್ಕೆ ಹೋಗದ ನಾಲ್ಕು ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಸುಮಿತ್ರಮ್ಮ ನೆಲದ ಮೇಲೆ ಕೂತು, ಬಟ್ಟಲಿಗೆ ಸರಿ ಬಗ್ಗಿಸಿ ಮಗನ ಬಾಯಿಗೆ ಹಿಡಿದಳು. ಗುರುಪಾದನಿಗೆ ದಾರಿಯಲ್ಲಿ ಹಸಿವಾಗಿತ್ತು. ಬಾಯಿ ಚಪ್ಪರಿಸಿ, ಕೆನ್ನೆಗೆಲ್ಲ ಬಳಿದುಕೊಂಡು, ಬಟ್ಟಲು ಬಡಿದು ಇನ್ನೂ ಬೇಕೆಂದು ಕೂಗಿದ. ಅವನು ಇಷ್ಟು ಚೆನ್ನಾಗಿ ಉಣ್ಣುವುದು ಬೇಡವಾಗಿತ್ತು ಎಂದು ಸುಮಿತ್ರಮ್ಮನಿಗೆ ಅನಿಸಿತು. ಲಿಂಗಿ ಆ ಬಾಯನ್ನೇ ನೋಡುತ್ತಿದ್ದಳು.

"ಮೊದ್ಲಿಂದ್ಲೂ ಇದೇಯಾ?" ಎಂದು ಕೇಳಿದಳು.

"ಮೊದ್ಲಿಂದ್ಲೂ."

"ಅವತ್ತು ಯಾಕ್ ಹೇಳ್ಲಿಲ್ಲ ಅಮ್ಮಾವ್ರೆ?"

"ನಿನ್ನ ಕಣ್ಣು ತಾಗ್ತದೆ ಅಂತ ಕಣೆ," ಎಂದಳು ಸುಮಿತ್ರಮ್ಮ.

ಲಿಂಗಿ ಕೈ ಚಾಚಿ ಬಟ್ಟಲು ತೆಗೆದುಕೊಂಡಳು. ಬೆರಳಲ್ಲಿ ಸರಿ ಅದ್ದಿ ಬೊಮ್ಮನ ತುಟಿಗೆ ಹಚ್ಚಿದಳು. ಅದು ಹಚ್ಚಿದಲ್ಲೇ ಉಳಿಯಿತು. ಬಾಯಿ ಬಿಡಿಸಿ ನಾಲಿಗೆಯ ಮೇಲೆ ಇಟ್ಟಳು. ಕತ್ತು ನೇವರಿಸಿದಳು, ಹೆಸರು ಹಿಡಿದು ಕರೆದಳು. ಸರಿ ಬಾಯಂಚಿನಿಂದ ಮೆಲ್ಲಗೆ ಹೊರಗೆ ಬಂತು. ಸೆರಗಿನಿಂದ ಒರೆಸಿ ಮತ್ತೆ ಇಟ್ಟಳು, ಮತ್ತೆ ಹೊರಗೆ ಬಂತು. ಬಾಗಿಲಲ್ಲಿದ್ದ ಹೆಂಗಸೊಬ್ಬಳು ಬಿಕ್ಕಿದಳು.

ಸುಮಿತ್ರಮ್ಮ ಬೈಗುಳಕ್ಕೆ ಕಾದಳು, ಶಾಪಕ್ಕೆ ಕಾದಳು. ಲಿಂಗಿ ತಲೆ ಎತ್ತಿ ಗುರುಪಾದನ ಕಡೆ ಒಮ್ಮೆ ನೋಡಿದವಳು ತಟ್ಟನೆ ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡು, ಬೊಮ್ಮನನ್ನು ಎದೆಗೊತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತಳು.

"ಮಗೀನ ಕರ್ಕೊಂಡು ಹೋಗಿ ಅಮ್ಮಾವ್ರೆ, ಬೇಗ ಹೋಗಿ," ಎಂದಳು ಗೋಡೆಗೆ. "ನಾನು ನೋಡ್ತಿಲ್ಲ."

ಗುರುಪಾದ ಬಟ್ಟಲು ಬೇಕೆಂದು ಜೋರಾಗಿ ಅಳತೊಡಗಿದ. ಸುಮಿತ್ರಮ್ಮ ಅವನ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಬಾಗಿಲು ದಾಟಿದಳು.